ಲೌಂಜ್ ಕಾರ್ಡ್ ಬಿಟ್ಟು ದಿನಸಿ ಅಂಗಡಿಯ ಕಾರ್ಡ್ ಹಿಡಿದ ಮೇಲೆ: ಒಂದೂವರೆ ವರ್ಷದ ಬಳಕೆ

ನಮ್ಮ ಮನೆಯ ಹಳೇ ಕ್ರೆಡಿಟ್ ಕಾರ್ಡ್ ಯಜಮಾನರ ಸಂಬಳದ ಖಾತೆ ಜೊತೆಗೇ ಬಂದದ್ದು. ವಿಮಾನ ನಿಲ್ದಾಣದ ಲೌಂಜ್, ಅಂದರೆ ವಿಮಾನ ಹತ್ತುವ ಮೊದಲು ಆರಾಮಾಗಿ ಕೂತು ತಿಂಡಿ ತಿನ್ನುವ ಕೋಣೆ, ಅದರ ದೊಡ್ಡ ಆಕರ್ಷಣೆ. ನಾವಿರುವುದು ದಾವಣಗೆರೆಯಲ್ಲಿ. ವಿಮಾನ ಹತ್ತಬೇಕೆಂದರೆ ಹುಬ್ಬಳ್ಳಿಗೋ ಶಿವಮೊಗ್ಗಕ್ಕೋ ಹೋಗಬೇಕು, ಹೋಗುವ ಪ್ರಸಂಗವೂ ನಮಗೆ ಬರುವುದಿಲ್ಲ. ಅದಕ್ಕೆ ವರ್ಷಕ್ಕೆ ₹2,999, ಮೇಲೆ ಶೇ 18 ಜಿಎಸ್‌ಟಿ ಸೇರಿ ₹3,539 ಕಟ್ಟುತ್ತಿದ್ದೆವು. ನಮ್ಮ ಹಣ ಹೋಗುವುದು ದಿನಸಿಗೆ, ಹಾಲಿಗೆ, ಅತ್ತೆಯವರ ಬಿಪಿ–ಶುಗರ್ ಮಾತ್ರೆಗೆ, ಸ್ಕೂಟರಿನ ಪೆಟ್ರೋಲಿಗೆ, ಬೆಸ್ಕಾಂ ಬಿಲ್ಲಿಗೆ. ಇದರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಕಾರ್ಡ್ ಉಜ್ಜುವ ಯಂತ್ರವೇ ಇಲ್ಲದ ಅಂಗಡಿಗಳಿಗೆ ಸೇರುತ್ತದೆ.

ಹಾಗಾಗಿ ಯುಪಿಐಗೆ ಜೋಡಿಸಬಹುದಾದ ರುಪೇ (ವೀಸಾ, ಮಾಸ್ಟರ್‌ಕಾರ್ಡಿನಂತೆಯೇ, ಆದರೆ ನಮ್ಮ ದೇಶದ ಕಾರ್ಡ್ ಜಾಲ) ಕ್ರೆಡಿಟ್ ಕಾರ್ಡ್ ತೆಗೆದುಕೊಂಡೆ. 2022ರ ಜೂನ್‌ನಲ್ಲಿ ರಿಸರ್ವ್ ಬ್ಯಾಂಕ್ ಇದಕ್ಕೆ ದಾರಿ ಮಾಡಿಕೊಟ್ಟಿತು. ವೀಸಾ, ಮಾಸ್ಟರ್‌ಕಾರ್ಡ್ ಇದ್ದವರಿಗೆ ಈ ಸೌಲಭ್ಯ ಇಲ್ಲ, ಅರ್ಜಿ ಹಾಕುವಾಗಲೇ ರುಪೇ ಬೇಕೆಂದು ಹೇಳಿ. ನನ್ನ ಕಾರ್ಡಿಗೆ ವಾರ್ಷಿಕ ಶುಲ್ಕ ₹499, ವರ್ಷಕ್ಕೆ ಒಂದು ಲಕ್ಷ ಖರ್ಚು ಮಾಡಿದರೆ ಅದೂ ಮಾಫಿ. ಕ್ಯೂಆರ್ ಸ್ಕ್ಯಾನ್ ಮಾಡಿ ಕೊಟ್ಟದ್ದಕ್ಕೆ ಶೇ 1, ಆನ್‌ಲೈನ್ ಖರೀದಿಗೆ ಶೇ 5 ಕ್ಯಾಶ್‌ಬ್ಯಾಕ್. ಪೆಟ್ರೋಲಿಗೂ ಕರೆಂಟ್ ಬಿಲ್ಲಿಗೂ ಏನೂ ಇಲ್ಲ.

ಮೊದಲ ತಿಂಗಳು ನಿಜವಾಗಿ ಖುಷಿಯಾಯಿತು. ಬೆಳಿಗ್ಗೆ ನಂದಿನಿ ಬೂತಿನಲ್ಲಿ ಎರಡು ಪ್ಯಾಕೆಟ್ ಹಾಲು ತೆಗೆದುಕೊಂಡು ಸ್ಕ್ಯಾನ್ ಮಾಡಿ, ಬ್ಯಾಂಕ್ ಖಾತೆಯ ಬದಲು ಕಾರ್ಡ್ ಆರಿಸಿ ಪಿನ್ ಒತ್ತುತ್ತೇನೆ. ಗಲ್ಲಾಪೆಟ್ಟಿಗೆಯ ಮೇಲಿನ ಸ್ಪೀಕರ್ ಡಬ್ಬಿ ಕನ್ನಡದಲ್ಲಿ ಮೊತ್ತ ಕೂಗುತ್ತದೆ, ಬೂತಿನವರು ತಲೆ ಎತ್ತದೆಯೇ ಪ್ಯಾಕೆಟ್ ಸರಿಸುತ್ತಾರೆ. ಸಂಜೆ ಔಷಧಿ ಅಂಗಡಿಯಲ್ಲೂ ಹೀಗೇ. ಚಿಲ್ಲರೆ ಹುಡುಕುವ ಗೋಜಿಲ್ಲ. ತಿಂಗಳ ಕೊನೆಗೆ ಸ್ಟೇಟ್‌ಮೆಂಟ್ ಬಂದರೆ ಹಾಲಿಗೆಷ್ಟು, ಮಾತ್ರೆಗೆಷ್ಟು ಎಂಬುದು ದಿನಾಂಕ ಸಮೇತ ಸಿಗುತ್ತದೆ. ನಾನು ಅದನ್ನು ಪ್ರಿಂಟ್ ಮಾಡಿಸಿ, ಹಾಲಿನ ಸಾಲುಗಳಿಗೆ ಹಸಿರು, ಔಷಧಿಗೆ ಕೆಂಪು ಗೆರೆ ಎಳೆದು ಮನೆಯ ಲೆಕ್ಕದ ಪುಸ್ತಕಕ್ಕೆ ಅಂಟಿಸುತ್ತೇನೆ. ಖರ್ಚಿನ ಇಷ್ಟು ಸ್ಪಷ್ಟ ಚಿತ್ರ ನನಗೆ ಹಿಂದೆ ಯಾವತ್ತೂ ಸಿಕ್ಕಿರಲಿಲ್ಲ.

ದಿನಸಿಯ ವಿಷಯದಲ್ಲಿ ಮಾತ್ರ ಒಂದು ಪದ್ಧತಿ ಬದಲಿಸಬೇಕಾಯಿತು. ತಿಂಗಳಿಗೆ ಸುಮಾರು ಆರು ಸಾವಿರದ ಸಾಮಾನನ್ನು ಒಂದೇ ಸಲ ತರುವುದು ನಮ್ಮ ರೂಢಿ. ಮಂಡಿಪೇಟೆಯ ಅಂಗಡಿಯವರು ಕಾರ್ಡ್ ನೋಡಿ, "ಅಕ್ಕಾರೇ, ದೊಡ್ಡ ಬಿಲ್ಲು ಇದರಿಂದ ಬೇಡ್ರಿ, ನಮಗೆ ಕಮಿಷನ್ ಬೀಳ್ತದೆ" ಅಂದರು. ಅವರು ಹೇಳಿದ್ದು ಸರಿ. ಸಣ್ಣ ವ್ಯಾಪಾರಿಗಳಿಗೆ ₹2,000ದವರೆಗಿನ ಪಾವತಿಗೆ ಶುಲ್ಕ ಇಲ್ಲ, ಅದನ್ನು ದಾಟಿದರೆ ಹೊರೆ ಅವರ ಮೇಲೆ. ನನ್ನ ಅರವತ್ತು ರೂಪಾಯಿ ಕ್ಯಾಶ್‌ಬ್ಯಾಕಿಗೆ ಅವರ ಲಾಭ ಕರಗುವುದು ನ್ಯಾಯವಲ್ಲ. ಈಗ ವಾರಕ್ಕೊಮ್ಮೆ ಒಂದೂವರೆ ಸಾವಿರದೊಳಗೆ ತರುತ್ತೇನೆ. ಬೇಳೆಗೆ ಹುಳ ಬೀಳುವುದೂ ತಪ್ಪಿದೆ.

ಇಷ್ಟೆಲ್ಲ ಚೆನ್ನಾಗಿದ್ದಾಗ, ಒಂಬತ್ತು–ಹತ್ತು ತಿಂಗಳಾಗಿರಬೇಕು, ಬ್ಯಾಂಕಿನಿಂದ ಒಂದು ಎಸ್ಸೆಮ್ಮೆಸ್ ಬಂತು. ₹100ಕ್ಕಿಂತ ಕಡಿಮೆ ಸ್ಕ್ಯಾನಿಗೆ ಇನ್ನು ಕ್ಯಾಶ್‌ಬ್ಯಾಕ್ ಇಲ್ಲ! ನನ್ನ ದಿನದ ಹಾಲು, ಕೊತ್ತಂಬರಿ, ಬ್ರೆಡ್ ಎಲ್ಲ ಆ ಮಿತಿಯೊಳಗಿನವೇ. ತಿಂಗಳಿಗೆ ಇಪ್ಪತ್ತು ರೂಪಾಯಿ ಹೋಗಬಹುದು, ಅಷ್ಟಕ್ಕೆ ಸಿಟ್ಟು ಬರುವುದಿಲ್ಲ. "ದಿನದ ಸಣ್ಣ ಖರ್ಚಿಗೂ ಲಾಭ" ಎಂದು ಜಾಹೀರಾತು ಮಾಡಿ ಕಾರ್ಡ್ ಕೊಟ್ಟು, ಸಣ್ಣ ಖರ್ಚನ್ನೇ ಹೊರಗಿಟ್ಟರಲ್ಲ, ಅದಕ್ಕೆ ಬರುತ್ತದೆ. ಶುಲ್ಕ ಬದಲಿಸುವಾಗ ಒಂದು ತಿಂಗಳು ಮೊದಲೇ ತಿಳಿಸಬೇಕೆಂಬ ನಿಯಮವಿದೆ. ಕ್ಯಾಶ್‌ಬ್ಯಾಕನ್ನು ಶುಲ್ಕ ಅನ್ನಲಾಗದು ಎಂದು ಕಸ್ಟಮರ್ ಕೇರ್‌ನವರು ನಯವಾಗಿಯೇ ಕೈ ತೊಳೆದುಕೊಂಡರು. ದೂರನ್ನು ಬರಹದಲ್ಲಿ ಕೊಟ್ಟೆ, ಸಿದ್ಧ ಉತ್ತರ ಬಂತು.

ತರಕಾರಿ ಮಾರುಕಟ್ಟೆಯ ಕೊರತೆ ಮೊದಲಿನಿಂದಲೂ ಇದೆ. ಸೊಪ್ಪು ಮಾರುವವರು ತಕ್ಕಡಿಯ ಪಕ್ಕ ಅಂಟಿಸಿದ ಕ್ಯೂಆರ್ ಬಹಳ ಸಲ ಮಗನ ಸ್ವಂತ ಖಾತೆಯದ್ದು. ವ್ಯಕ್ತಿಯಿಂದ ವ್ಯಕ್ತಿಗೆ ಕಳಿಸುವ ಹಣಕ್ಕೆ ಕ್ರೆಡಿಟ್ ಕಾರ್ಡ್ ನಡೆಯುವುದಿಲ್ಲ, ಆ್ಯಪಿನಲ್ಲಿ ಕಾರ್ಡಿನ ಹೆಸರು ಮಸುಕಾಗಿ ಕಾಣುತ್ತದೆ. ಇದು ಬ್ಯಾಂಕಿನ ತಪ್ಪಲ್ಲ. ಆದರೆ ಕಾರ್ಡ್ ತೆಗೆದುಕೊಳ್ಳುವ ಮೊದಲು ನಿಮ್ಮ ಬೀದಿಯ ನಾಲ್ಕಾರು ಅಂಗಡಿಗಳಲ್ಲಿ ವ್ಯಾಪಾರಿ ಕ್ಯೂಆರ್ ಇದೆಯೇ ಎಂದು ವಿಚಾರಿಸಿಕೊಳ್ಳಿ. ಜಾಹೀರಾತಿನಲ್ಲಿ ಈ ಮಾಹಿತಿ ಸಿಗದು.

ಸಿಟ್ಟಿನಲ್ಲಿ ಕಾರ್ಡ್ ಮುಚ್ಚಲು ಹೊರಟಿದ್ದೆ. ತಡೆದದ್ದು ಬಿಲ್ಲಿನ ದಿನಾಂಕ. ಹಳೇ ಕಾರ್ಡಿನ ಹಣ 25ಕ್ಕೆ ಕಟ್ಟಬೇಕಿತ್ತು, ಅಷ್ಟು ಹೊತ್ತಿಗೆ ಸಂಬಳ ಮುಗಿದಿರುತ್ತಿತ್ತು. ಬಿಲ್ಲಿಂಗ್ ದಿನವನ್ನು ಒಮ್ಮೆಯಾದರೂ ಬದಲಿಸಿಕೊಳ್ಳಲು ಬ್ಯಾಂಕ್ ಬಿಡಬೇಕೆಂಬುದು ರಿಸರ್ವ್ ಬ್ಯಾಂಕಿನ ನಿಯಮ. ಈ ಕಾರ್ಡಿನಲ್ಲಿ ಅದನ್ನು ಕೇಳಿ ಬಳಸಿಕೊಂಡೆ. ಈಗ 18ಕ್ಕೆ ಸ್ಟೇಟ್‌ಮೆಂಟ್, 7ಕ್ಕೆ ಕೊನೆಯ ದಿನ. ಒಂದನೇ ತಾರೀಕು ಸಂಬಳ, 3ಕ್ಕೆ ಬಾಕಿ ಚುಕ್ತಾ. ಮಗಳ ಸಮವಸ್ತ್ರ, ಶೂ, ಪುಸ್ತಕದಂಥ ದೊಡ್ಡ ಖರೀದಿಯನ್ನು 19 ಅಥವಾ 20ಕ್ಕೆ ಇಟ್ಟುಕೊಳ್ಳುತ್ತೇನೆ, ಕಟ್ಟಲು ಒಂದೂವರೆ ತಿಂಗಳ ಮೇಲೆ ಸಮಯ ಸಿಗುತ್ತದೆ. ಅದೇ ಖರೀದಿ 17ಕ್ಕೆ ಮಾಡಿದರೆ ಮೂರು ವಾರ ಮಾತ್ರ. ಕ್ಯಾಶ್‌ಬ್ಯಾಕಿಗಿಂತ ಈ ಅನುಕೂಲವೇ ನಮ್ಮಂಥ ಒಂದೇ ಸಂಬಳದ ಮನೆಗೆ ದೊಡ್ಡದು.

ಬಿಲ್ಲಿನ ಹಣ ಖಾತೆಯಿಂದ ತಾನಾಗಿ ಕಟ್ಟಿಹೋಗುವ ಆಟೊ ಡೆಬಿಟ್ ಹಾಕಿಸುವಾಗ "ಮಿನಿಮಮ್ ಡ್ಯೂ" ಬಿಟ್ಟು "ಟೋಟಲ್ ಡ್ಯೂ" ಆರಿಸಿ. ಫಾರಮ್ಮಿನಲ್ಲಿ ಮೊದಲನೆಯದಕ್ಕೇ ಗುರುತು ಬಿದ್ದಿತ್ತು, ನಾನು ತೆಗೆಸಿದೆ. ಕನಿಷ್ಠ ಮೊತ್ತ ಕಟ್ಟಿದರೆ ತಡವಾದ ದಂಡ ತಪ್ಪುತ್ತದೆ, ಬಡ್ಡಿ ತಪ್ಪುವುದಿಲ್ಲ. ನನ್ನ ಕಾರ್ಡಿನ ಬಡ್ಡಿ ತಿಂಗಳಿಗೆ ಶೇ 3.75, ವರ್ಷಕ್ಕೆ ಶೇ 45. ಬಾಕಿ ಉಳಿದರೆ ಹೊಸದಾಗಿ ಕೊಂಡ ಹಾಲಿಗೂ ಕೊಂಡ ದಿನದಿಂದಲೇ ಬಡ್ಡಿ ಓಡುತ್ತದೆ.

ಹಳೇ ಕಾರ್ಡ್ ಮುಚ್ಚುವಾಗ ಆ ಬ್ಯಾಂಕಿನವರು ಶುಲ್ಕ ಮಾಫಿಯ ಆಮಿಷ ಒಡ್ಡಿ ದಿನ ತಳ್ಳಿದರು. ಬಾಕಿ ಇಲ್ಲದ ಕಾರ್ಡನ್ನು 7 ಕೆಲಸದ ದಿನಗಳಲ್ಲಿ ಮುಚ್ಚದಿದ್ದರೆ ದಿನಕ್ಕೆ ₹500 ಗ್ರಾಹಕರಿಗೆ ಕೊಡಬೇಕೆಂಬ ನಿಯಮವನ್ನು ಇಮೇಲಿನಲ್ಲಿ ಬರೆದ ಮೇಲೆ ಮುಚ್ಚಿದರು.

ಬೆಂಗಳೂರಿನಲ್ಲಿರುವ ತಂಗಿ ಇದೇ ಕಾರ್ಡ್ ತೆಗೆದುಕೊಳ್ಳಲೇ ಎಂದು ಕೇಳಿದಳು, ಬೇಡ ಅಂದೆ. ಅವಳ ಊಟ, ದಿನಸಿ, ಆಟೊ ಎಲ್ಲ ಆ್ಯಪಿನಲ್ಲೇ, ಆಫೀಸಿನ ಕೆಲಸಕ್ಕೆ ತಿಂಗಳಿಗೊಮ್ಮೆ ವಿಮಾನ. ನಮಗೆ ಹೊರೆಯಾಗಿದ್ದ ಲೌಂಜ್ ಕಾರ್ಡ್ ಅವಳಿಗೆ ಸರಿಹೋಗಬಹುದು. ನನ್ನ ಮಟ್ಟಿಗೆ ಈ ಕಾರ್ಡಿಗೆ ಐದಕ್ಕೆ ಮೂರೂವರೆ. ₹100ರ ಮಿತಿಯನ್ನು ಇನ್ನೂ ಏರಿಸಿದರೆ ಔಷಧಿಯ ಸಣ್ಣ ಬಿಲ್ಲುಗಳೂ ಲೆಕ್ಕದಿಂದ ಹೊರಬೀಳುತ್ತವೆ. ಆ ದಿನ ಬೇರೆ ಬ್ಯಾಂಕಿನ ರುಪೇ ಕಾರ್ಡಿಗೆ ಅರ್ಜಿ ಹಾಕುತ್ತೇನೆ.