ಡ್ಯುಯಲ್ ಸಿಮ್ ಅಂದರು, ಮನೆಗೆ ಬಂದು ನೋಡಿದರೆ ಸಿಮ್ ಹಾಕುವ ಜಾಗವೇ ಇಲ್ಲ

ಸೆಕೆಂಡ್ ಹ್ಯಾಂಡ್ ಐಫೋನ್ ತಗೊಳ್ಳಬೇಕು ಅಂತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಅಂಗಡಿಯವನು "ಡ್ಯುಯಲ್ ಸಿಮ್ ಇದೆ" ಅಂದ ಕೂಡಲೇ ದುಡ್ಡು ಕೊಡಬೇಡಿ. ಫೋನಿನ ಕವರ್ ಬಿಚ್ಚಿಸಿ. ನಿಮ್ಮ ಸಿಮ್ ಕಾರ್ಡ್ ಕೈಗೆ ಕೊಟ್ಟು "ಇದನ್ನು ಹಾಕಿ ತೋರಿಸಿ" ಅನ್ನಿ. ನಾನು ಅದೊಂದು ಮಾಡಲಿಲ್ಲ. 36,500 ರೂಪಾಯಿ ಕೊಟ್ಟು ಬಂದೆ. ಮೂರು ವಾರ ಆಯಿತು, ಈಗಲೂ ನೆನೆಸಿಕೊಂಡರೆ ಮೈ ಉರಿಯುತ್ತದೆ.

ನನ್ನ ಹಳೇ ಫೋನಿನ ಡಿಸ್‌ಪ್ಲೇ ಅರ್ಧ ಕಪ್ಪಾಗಿತ್ತು. ಹೊಸ ಐಫೋನ್ ತಗೊಳ್ಳುವಷ್ಟು ದುಡ್ಡಿಲ್ಲ. ಆಫೀಸಿನಲ್ಲಿ ಯಾರೋ ಮೆಜೆಸ್ಟಿಕ್ ಕಡೆ ಹೋಗು, ಒಳ್ಳೇ ಪೀಸ್ ಸಿಗುತ್ತವೆ ಅಂದರು. ಶನಿವಾರ ಸಂಜೆ ಹೋದೆ. ಅಂಗಡಿ ತುಂಬ ಜನ. ಐಫೋನ್ 14, 128 ಜಿಬಿ, ಬ್ಯಾಟರಿ 89. ಗೀರು ಇಲ್ಲ. ನಾನೇನೂ ಕಣ್ಣು ಮುಚ್ಚಿಕೊಂಡು ತಗೊಂಡಿಲ್ಲ. ಕ್ಯಾಮೆರಾ ನೋಡಿದೆ, ಫೇಸ್ ಐಡಿ ನೋಡಿದೆ, ಸ್ಪೀಕರ್ ಹಾಡು ಹಾಕಿ ಕೇಳಿದೆ, ಚಾರ್ಜರ್ ಚುಚ್ಚಿ ನೋಡಿದೆ. ಸಿಮ್ ಮಾತ್ರ ನೋಡಲಿಲ್ಲ. ಇಷ್ಟು ವರ್ಷದಲ್ಲಿ ನನ್ನ ಕೈಗೆ ಬಂದ ಒಂದೊಂದು ಫೋನಿನಲ್ಲೂ ಸಿಮ್ ಹಾಕುವ ಜಾಗ ಇತ್ತು, ಅದನ್ನು ಇದೆಯಾ ಅಂತ ಯಾರು ಕೇಳುತ್ತಾರೆ ಹೇಳಿ?

ಆದರೂ ಒಂದು ಮಾತು ಕೇಳಿದ್ದೆ. "ಎರಡು ಸಿಮ್ ಹಾಕಬಹುದಾ?" ಅಂತ. ಯಾಕೆಂದರೆ ನನಗೆ ಎರಡು ಬೇಕೇ ಬೇಕು, ಯಾಕೆ ಅಂತ ಮುಂದೆ ಹೇಳುತ್ತೇನೆ. ಅವನು ಮುಖ ಎತ್ತಿ ನೋಡದೆ "ಡ್ಯುಯಲ್ ಸಿಮ್ ಮೇಡಂ, ಎರಡೂ ಫೈವ್ ಜೀ" ಅಂದ. ಈಗಲೇ ಹಾಕಿ ಒಂದು ಕಾಲ್ ಮಾಡಿ ನೋಡೋಣ ಅಂದೆ. "ರಶ್ ಇದೆ ಮೇಡಂ, ನಂಬರ್ ಇನ್ನೊಂದು ಫೋನಲ್ಲಿದೆ ಅಲ್ವಾ, ಮನೆಗೆ ಹೋಗಿ ಆರಾಮಾಗಿ ಹಾಕ್ಕೊಳಿ" ಅಂದ. ಅವನದೇ ಹಾಟ್‌ಸ್ಪಾಟ್ ಕೊಟ್ಟು ವಿಡಿಯೋ ತೋರಿಸಿದ. ಆಮೇಲೆ ಒಂದು ದಪ್ಪ ಕಪ್ಪು ಕವರ್. ಅದನ್ನು ಫ್ರೀ ಅಂದ. ಆದರೆ ಅದು ನಾನು ಫೋನ್ ಮುಟ್ಟುವ ಮುಂಚೆಯಿಂದಲೂ ಫೋನಿನ ಮೇಲೇ ಇತ್ತು! ಅಂಚು ಒಂದೂ ಕಾಣದ ಕವರ್. ಇದು ನನಗೆ ಹೊಳೆದದ್ದು ಎರಡು ದಿನ ಆದಮೇಲೆ.

ಮನೆಯಲ್ಲಿ ನಾದಿನಿ, ಅವಳ ಮಕ್ಕಳು ಬಂದಿದ್ದರು. ಎಲ್ಲರೂ ಸುತ್ತ ಕೂತಿದ್ದಾರೆ. ಪಿನ್ ಹಿಡಿದು ಕವರ್ ಬಿಚ್ಚಿದೆ. ಎಡಗಡೆ ವಾಲ್ಯೂಮ್ ಬಟನ್ ಇದೆ, ಅದರ ಕೆಳಗೆ ಏನೂ ಇಲ್ಲ, ನುಣ್ಣಗೆ. ಬಲಗಡೆ ಪವರ್ ಬಟನ್ ಕೆಳಗೆ ಉದ್ದನೆಯ ಒಂದು ಗುರುತು ಇತ್ತು. ಇದೇ ಇರಬೇಕು ಅಂತ ಪಿನ್ ಇಟ್ಟೆ. ತೂತೇ ಇಲ್ಲ. ಉಗುರಲ್ಲಿ ಎಬ್ಬಿಸಲು ನೋಡಿದೆ. ನಮ್ಮವರು ಕೈಯಿಂದ ಫೋನ್ ಕಿತ್ತುಕೊಂಡು ಸೆಟ್ಟಿಂಗ್ಸ್ ಒಳಗೆ ಏನೋ ನೋಡಿ, "ಅದನ್ನ ಕೆರೀಬೇಡ, ಅದು ಆಂಟೆನಾ. ಇದು ಅಮೆರಿಕದ ಫೋನು. ಇದಕ್ಕೆ ಸಿಮ್ ಟ್ರೇನೇ ಇರಲ್ಲ" ಅಂದರು. ಎಲ್ಲರೂ ಸುಮ್ಮನಾದರು. ನಾದಿನಿ ಮೆಲ್ಲಗೆ "ಅತ್ತಿಗೆ, ನೋಡಿ ತಗೋಬಾರದಿತ್ತಾ?" ಅಂದಳು. ಅವಳು ಕೆಟ್ಟದಾಗಿ ಹೇಳಲಿಲ್ಲ. ಆದರೆ ಆ ಮಾತಿಗೆ ನನಗೆ ಕಣ್ಣಲ್ಲಿ ನೀರು ಬಂತು, ಎದ್ದು ಅಡುಗೆಮನೆಗೆ ಹೋದೆ.

ಗೊತ್ತಿಲ್ಲದವರಿಗೆ ಹೇಳುತ್ತೇನೆ, ನನಗೂ ಗೊತ್ತಿರಲಿಲ್ಲ. 2022ರಲ್ಲಿ ಬಂದ ಐಫೋನ್ 14ರಿಂದ ಹಿಡಿದು ಅಮೆರಿಕದಲ್ಲಿ ಮಾರುವ ಹೊಸ ಐಫೋನ್ ಮಾಡೆಲ್‌ಗಳಲ್ಲಿ ಸಿಮ್ ಟ್ರೇ ಇಲ್ಲ. ಬರೀ ಇ-ಸಿಮ್. ಅಂದರೆ ಕಾರ್ಡ್ ಇಲ್ಲ, ಫೋನಿನ ಒಳಗೇ ಕೂರಿಸಿರುವ ಚಿಪ್‌ಗೆ ಕಂಪನಿಯವರು ಕಳಿಸುವ ಸಿಮ್ ಅನ್ನು ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಇಳಿಸಿಕೊಳ್ಳಬೇಕು. ಅದೇ 14 ಇಂಡಿಯಾದಲ್ಲಿ ತಗೊಂಡರೆ ಒಂದು ಕಾರ್ಡ್, ಒಂದು ಇ-ಸಿಮ್ ಎರಡೂ ನಡೆಯುತ್ತದೆ. ಹೊರಗಿನಿಂದ ನೋಡಲು ಎರಡೂ ಹೆಚ್ಚು ಕಡಿಮೆ ಒಂದೇ. ನಮ್ಮವರಿಗಿಂತ ಚೆನ್ನಾಗಿ ಇದು ಗೊತ್ತಿದ್ದದ್ದು ಆ ಅಂಗಡಿಯವನಿಗೆ. ದಿನಕ್ಕೆ ಹತ್ತು ಮಾರುವವನಿಗೆ ಗೊತ್ತಿರಲ್ವಾ?

ಆಗಲೇ ಫೋನ್ ಮಾಡಿದೆ. ಎತ್ತಲಿಲ್ಲ. ವಾಟ್ಸಾಪ್‌ನಲ್ಲಿ ಫೋಟೋ ಹಾಕಿ "ಇದರಲ್ಲಿ ಸಿಮ್ ಹಾಕಲು ಜಾಗವೇ ಇಲ್ಲ, ನೀವು ಡ್ಯುಯಲ್ ಸಿಮ್ ಅಂದಿರಿ" ಅಂತ ಬರೆದೆ. ರಾತ್ರಿ ಹತ್ತೂವರೆಗೆ ವಾಯ್ಸ್ ಮೆಸೇಜ್ ಬಂತು. "ಮೇಡಂ, ನಾನು ಡ್ಯುಯಲ್ ಸಿಮ್ ಅಂದೆ, ಅದು ಡ್ಯುಯಲ್ ಸಿಮ್ಮೇ. ಎರಡು ಇ-ಸಿಮ್ ಹಾಕ್ಕೊಳಿ. ನಾನೇನ್ ಸುಳ್ಳು ಹೇಳಿದ್ನಾ?"

ಈ ಮಾತನ್ನು ನಾನು ಎಷ್ಟು ಸಲ ಕೇಳಿಸಿಕೊಂಡೆನೋ ಲೆಕ್ಕವಿಲ್ಲ. ನಾನೇನ್ ಸುಳ್ಳು ಹೇಳಿದ್ನಾ! ಸುಳ್ಳು ಹೇಳಲಿಲ್ಲ, ನಿಜ. ಆ ಫೋನಿನಲ್ಲಿ ಎರಡು ಇ-ಸಿಮ್ ಒಟ್ಟಿಗೆ ನಡೆಯುತ್ತವೆ. ಆದರೆ ನಾನು ಕೇಳಿದ್ದು ಎರಡು ಸಿಮ್ "ಹಾಕಬಹುದಾ" ಅಂತ. ಹಾಕುವುದು ಅಂದರೆ ಏನು ಅಂತ ಕನ್ನಡ ಬರುವ ಯಾರಿಗೂ ಗೊತ್ತು. ಅವನಿಗೂ ಗೊತ್ತಿತ್ತು.

ಸೋಮವಾರ ಅರ್ಧ ದಿನ ರಜೆ ಹಾಕಿ ಹೋದೆ. ಶನಿವಾರ "ಬನ್ನಿ ಮೇಡಂ, ಕೂತ್ಕೊಳಿ" ಅಂದವನು ಸೋಮವಾರ ಕುರ್ಚಿ ತೋರಿಸಲಿಲ್ಲ. ದುಡ್ಡು ವಾಪಸ್ ಕೊಡಿ ಅಂದೆ. "ಸೆಕೆಂಡ್ಸ್‌ನಲ್ಲಿ ರಿಟರ್ನ್ ಇಲ್ಲ ಮೇಡಂ, ಬಿಲ್‌ನಲ್ಲಿ ಬರ್ದಿದೆ." ಬಿಲ್ ಅಂದರೆ ಒಂದು ಚೀಟಿ, "ಐಫೋನ್ 14" ಅಂತ ಗೀಚಿದ್ದ. ಐಎಂಇಐ ನಂಬರ್, ಅಂದರೆ ಒಂದೊಂದು ಫೋನಿಗೂ ಬೇರೆ ಬೇರೆ ಇರುವ ಗುರುತಿನ ನಂಬರ್, ಇಲ್ಲ, ಮಾಡೆಲ್ ಇಲ್ಲ. ಅಮೆರಿಕದ ಪೀಸ್ ಅಂತ ಯಾಕೆ ಹೇಳಲಿಲ್ಲ ಅಂದೆ. "ನೀವು ಕೇಳ್ಲಿಲ್ವಲ್ಲ." ಹಾಗಾದರೆ ಇಂಡಿಯಾ ಪೀಸ್ ಕೊಡಿ ಅಂದೆ. ಇನ್ನೂ 6,000 ಕೇಳಿದ. ಅಂದರೆ ಇದು ಕಡಿಮೆ ಬೆಲೆಯ ಮಾಲು ಅಂತ ಅವನಿಗೆ ಚೆನ್ನಾಗಿ ಗೊತ್ತು, ಅದನ್ನು ನನಗೆ ಹೇಳಲಿಲ್ಲ ಅಷ್ಟೇ. ಬೇಡ, ನೀವೇ ವಾಪಸ್ ತಗೊಳ್ಳಿ ಅಂದರೆ 29,000 ಅಂದ. ಎರಡು ದಿನಕ್ಕೆ ಏಳೂವರೆ ಸಾವಿರ! ಪಕ್ಕದಲ್ಲಿ ನಿಂತಿದ್ದ ಹುಡುಗ ಬೇರೆ "ಮೇಡಂ, ಸರ್ವಿಸ್‌ನಲ್ಲಿ ಟ್ರೇ ಕೂರಿಸ್ತಾರೆ, ಸಾವಿರ ರೂಪಾಯಿ" ಅಂದ. ಅದನ್ನೂ ನಂಬಿ ರಿಪೇರಿ ಅಂಗಡಿಗೆ ಹೋದೆ. ಆ ಮನುಷ್ಯ ಫೋನ್ ಕೈಗೆ ತಗೊಳ್ಳಲೂ ಇಲ್ಲ. "ಅಕ್ಕ, ಕಾರ್ಡ್ ಓದೋ ಭಾಗಾನೇ ಒಳಗಡೆ ಇಲ್ಲ, ಬರೀ ಟ್ರೇ ತಗೊಂಡು ಏನು ಮಾಡ್ತೀರಿ" ಅಂದ. ಅವನು ಒಬ್ಬನೇ ಸರಿಯಾಗಿ ಮಾತಾಡಿದ್ದು.

ಕೊನೆಗೆ ಸೋತು ಇ-ಸಿಮ್ ಮಾಡಿಸಿಕೊಳ್ಳೋಣ ಅಂದುಕೊಂಡೆ. ಅಂಗಡಿಯವನು "ಐದು ನಿಮಿಷದ ಕೆಲಸ ಮೇಡಂ, ಅದು ಇನ್ನೂ ಸೇಫ್" ಅಂದಿದ್ದ. ಹಳೇ ಕಾರ್ಡ್ ಅನ್ನು ನಮ್ಮವರ ಫೋನಿಗೆ ಹಾಕಿ ಕಂಪನಿಗೆ ಎಸ್‌ಎಂಎಸ್ ಕಳಿಸಿದೆ, ಒಪ್ಪಿಗೆ ಕೊಟ್ಟೆ, ಇಮೇಲ್‌ಗೆ ಕ್ಯೂಆರ್ ಬಂತು, ಮನೆಯ ವೈಫೈನಲ್ಲಿ ಸ್ಕ್ಯಾನ್ ಮಾಡಿದೆ. ಸ್ವಲ್ಪ ಹೊತ್ತಿಗೆ ಕಾರ್ಡ್ ಸತ್ತಿತು, ಹೊಸ ಫೋನಿಗೆ ಸಿಗ್ನಲ್ ಬಂತು. ಇಲ್ಲಿಯವರೆಗೆ ಸರಿ. ಆದರೆ ಸಿಮ್ ಬದಲಾದ ಮೇಲೆ 24 ಗಂಟೆ ಎಸ್‌ಎಂಎಸ್ ಬರುವುದೂ ಇಲ್ಲ, ಹೋಗುವುದೂ ಇಲ್ಲ. ಬೇರೆಯವರು ನಮ್ಮ ನಂಬರ್ ಕದ್ದು ಓಟಿಪಿ ಪಡೆಯದಿರಲಿ ಅಂತ ಮಾಡಿದ ನಿಯಮ, ಒಳ್ಳೆಯದೇ. ಆದರೆ ಅದನ್ನು ಮುಂಚೆ ಯಾರಾದರೂ ಹೇಳಬೇಕಲ್ವಾ? ನಾನು ಮಾಡಿದ್ದು ಶುಕ್ರವಾರ ಮಧ್ಯಾಹ್ನ. ಅವತ್ತು ರಾತ್ರಿ ಊರಿಗೆ ಹೊರಟಿದ್ದೆ. ಬ್ಯಾಂಕಿನ ಓಟಿಪಿ ಇಲ್ಲ. ಹೊಸ ಫೋನಿನಲ್ಲಿ ಯುಪಿಐ ಶುರು ಮಾಡಬೇಕಾದರೆ ಈ ನಂಬರಿನಿಂದ ಒಂದು ಎಸ್‌ಎಂಎಸ್ ಹೋಗಬೇಕು, ಅದು ಹೋಗುವುದಿಲ್ಲ. ಪರ್ಸ್‌ನಲ್ಲಿ 340 ರೂಪಾಯಿ ಇತ್ತು. ಟಿಕೆಟ್ ಮೊದಲೇ ಮಾಡಿಸಿದ್ದಕ್ಕೆ ಬದುಕಿದೆ.

ಈಗ ಎರಡು ಸಿಮ್ ಯಾಕೆ ಅಂತ ಹೇಳುತ್ತೇನೆ. ನಮ್ಮೂರು ಹೊಸನಗರ ತಾಲ್ಲೂಕಿನಲ್ಲಿ, ಹಿನ್ನೀರಿನ ಕಡೆ. ಅಲ್ಲಿ ಬಿಎಸ್‌ಎನ್‌ಎಲ್ ಬಿಟ್ಟರೆ ಬೇರೆ ಯಾವುದೂ ಹಿಡಿಯುವುದಿಲ್ಲ. ಬೆಂಗಳೂರಲ್ಲಿ ಒಂದು ನಂಬರ್, ಊರಿಗೆ ಹೋದಾಗ ಇನ್ನೊಂದು. ಮಲೆನಾಡಿನವರಿಗೆ ಇದು ಬಿಡಿಸಿ ಹೇಳಬೇಕಾಗಿಲ್ಲ. ನನ್ನ ಪರ್ಸಿನ ಚಿಲ್ಲರೆ ಖಾನೆಯಲ್ಲಿ ಬಿಎಸ್‌ಎನ್‌ಎಲ್ ಕಾರ್ಡ್ ಯಾವಾಗಲೂ ಕಾಗದದಲ್ಲಿ ಸುತ್ತಿ ಇರುತ್ತದೆ. ಬಸ್ಸು ಇಳಿದ ಮೇಲೆ ಅದನ್ನು ತೆಗೆದು ಹಾಕಿಕೊಳ್ಳುವುದು ಎಷ್ಟೋ ವರ್ಷದ ಅಭ್ಯಾಸ. ಈ ಸಲವೂ ಕೈ ತಾನಾಗಿ ಪರ್ಸಿಗೆ ಹೋಯಿತು. ಕಾರ್ಡ್ ತೆಗೆದೆ. ಒಂದು ಕೈಯಲ್ಲಿ ಕಾರ್ಡ್, ಒಂದು ಕೈಯಲ್ಲಿ 36,500 ರೂಪಾಯಿ ಫೋನು. ಹಾಕಲು ಜಾಗ ಇಲ್ಲ. ಇ-ಸಿಮ್ ಮಾಡಿಸಬೇಕು ಅನ್ನುವುದು ಒಂದು ವಾರದಿಂದ ಗೊತ್ತಿದ್ದರೂ, ಈ ಕಾರ್ಡ್ ಇನ್ನು ಈ ಫೋನಿಗೆ ಬರಲ್ಲ ಅನ್ನುವುದು ನನಗೆ ತಟ್ಟಿದ್ದು ಆ ರಸ್ತೆಯಲ್ಲಿ ನಿಂತಾಗ.

ಅಮ್ಮ ನೋಡುತ್ತಾ ಇದ್ದವಳು "ಅಷ್ಟು ದುಡ್ಡು ಕೊಟ್ಟು ತಂದ ಫೋನಿಗೆ ಒಂದು ಕಾರ್ಡ್ ಹಾಕಕ್ಕೆ ಆಗಲ್ವೇನೇ?" ಅಂದಳು. ಏನು ಹೇಳಲಿ?

ಆವತ್ತೇ ರಾತ್ರಿ ಅಮ್ಮನಿಗೆ ಬಿಪಿ ಏರಿ ತಲೆ ಸುತ್ತು ಬಂತು. ಶಿವಮೊಗ್ಗದಲ್ಲಿ ಅಮ್ಮನನ್ನು ನೋಡುವ ಡಾಕ್ಟರು ಹೋದ ಸಲದ ಚೀಟಿ, ಮಾತ್ರೆ ಪಟ್ಟಿ ಎಲ್ಲ ವಾಟ್ಸಾಪ್‌ನಲ್ಲಿ ಹಾಕಿ ಅಂತಾರೆ. ನನ್ನ ಫೋನಿನಲ್ಲಿ ಎಲ್ಲ ಇದೆ, ಆದರೆ ಸಿಗ್ನಲ್ ಒಂದೂ ಕಡ್ಡಿ ಇಲ್ಲ. ಅಮ್ಮನದು ಬಟನ್ ಫೋನು, ಅದರಿಂದ ಡಾಕ್ಟರಿಗೆ ಕಾಲ್ ಮಾಡಿದೆ, ಎತ್ತಿದರು, ಚೀಟಿ ಕಳಿಸಿ ಅಂದರು. ಬ್ಯಾಟರಿ ಹಿಡಿದುಕೊಂಡು ಕತ್ತಲಲ್ಲಿ ತೋಟ ದಾಟಿ ಪಕ್ಕದ ಮನೆಯ ಭಾವನ ವೈಫೈಗೆ ಓಡಿದೆ. ಅಮ್ಮನನ್ನು ಒಬ್ಬಳನ್ನೇ ಬಿಟ್ಟು. ಹತ್ತು ನಿಮಿಷ ಇರಬಹುದು. ಅಮ್ಮನಿಗೆ ಏನೂ ಆಗಲಿಲ್ಲ, ಮಾತ್ರೆ ತಗೊಂಡು ಮಲಗಿದಳು. ಆದರೆ ಆ ಹತ್ತು ನಿಮಿಷ ನಾನು ಆ ಅಂಗಡಿಯವನನ್ನು ಬೈದಷ್ಟು ಜೀವನದಲ್ಲಿ ಯಾರನ್ನೂ ಬೈದಿಲ್ಲ. ಡ್ಯುಯಲ್ ಸಿಮ್ ಮೇಡಂ, ಎರಡೂ ಫೈವ್ ಜೀ!

ಇ-ಸಿಮ್ಮೇ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಫೋನ್ ಕದ್ದವನು ಕಾರ್ಡ್ ಕಿತ್ತು ಬಿಸಾಡಲು ಆಗಲ್ಲ, ಅದು ನಿಜ. ಪದೇ ಪದೇ ವಿದೇಶಕ್ಕೆ ಹೋಗುವವರಿಗೆ ಅನುಕೂಲ. ನನ್ನ ತಮ್ಮ ಅದನ್ನೇ ಬಳಸುತ್ತಾನೆ, ಖುಷಿಯಾಗಿದ್ದಾನೆ. ಆದರೆ ಫೋನ್ ಕೆಟ್ಟರೆ ಕಾರ್ಡ್ ತೆಗೆದು ಮನೆಯಲ್ಲಿ ಬಿದ್ದಿರುವ ಹಳೇ ಫೋನಿಗೆ ಹಾಕಿ ಅರ್ಧ ನಿಮಿಷದಲ್ಲಿ ಮಾತಾಡುವುದು ಇದೆಯಲ್ಲ, ಅದು ಹೋಯಿತು. ಮತ್ತೆ ಕಾರ್ಡಿಗೆ ಬರಬೇಕಾದರೆ ಕಂಪನಿಯ ಅಂಗಡಿ, ಆಧಾರ್, ಮತ್ತೆ 24 ಗಂಟೆ. ಊರಲ್ಲಿ ವಯಸ್ಸಾದವರು ಇರುವವರು, ಸಿಗ್ನಲ್ ನೋಡಿ ಸಿಮ್ ಬದಲಾಯಿಸುವವರು ಕಾರ್ಡ್ ಜಾಗ ಇರುವ ಫೋನನ್ನೇ ತಗೊಳ್ಳಿ. ಎರಡೂ ಇರುವುದು ಸಿಕ್ಕರೆ ಇನ್ನೂ ಒಳ್ಳೆಯದು.

ತಗೊಳ್ಳುವ ಮುಂಚೆ ಸೆಟ್ಟಿಂಗ್ಸ್, ಜನರಲ್, ಅಬೌಟ್ ಒಳಗೆ ಮಾಡೆಲ್ ನಂಬರ್ ನೋಡಿ. ಕೊನೆಯಲ್ಲಿ ಎಲ್‌ಎಲ್/ಎ ಇದ್ದರೆ ಅಮೆರಿಕದ್ದು, ಎಚ್‌ಎನ್/ಎ ಇದ್ದರೆ ಇಂಡಿಯಾದ್ದು. ಅದರ ಮೇಲೆ ಒತ್ತಿದರೆ ಇನ್ನೊಂದು ನಂಬರ್ ಬರುತ್ತದೆ, ಐಫೋನ್ 14ಕ್ಕೆ ಎ2649 ಅಂದರೆ ಟ್ರೇ ಇಲ್ಲ, ನಮ್ಮ ದೇಶದ್ದು ಎ2882. ಅಮೆರಿಕದಿಂದ ಅಣ್ಣನೋ ಭಾವನೋ ತಂದುಕೊಡುವ ಫೋನಿಗೂ ಇದೇ ಕಥೆ. ಈಗ ಐಫೋನ್ 17ಕ್ಕೆ ದುಬೈ, ಮಸ್ಕತ್, ಕತಾರ್, ಸೌದಿ ಕಡೆಯಲ್ಲೂ ಟ್ರೇ ತೆಗೆದಿದ್ದಾರೆ, ಮಂಗಳೂರು, ಉಡುಪಿ, ಭಟ್ಕಳದವರು ತರಿಸುವ ಮುಂಚೆ ಕೇಳಿ. ಐಫೋನ್ ಏರ್ ಅಂತೂ ಎಲ್ಲಿ ತಗೊಂಡರೂ ಕಾರ್ಡ್ ಇಲ್ಲ. ಬಿಲ್‌ನಲ್ಲಿ ಐಎಂಇಐ ಮತ್ತು ಮಾಡೆಲ್ ನಂಬರ್ ಬರೆಸಿಕೊಳ್ಳಿ, ಬರೆಯಲ್ಲ ಅಂದರೆ ಎದ್ದು ಬನ್ನಿ. ಇ-ಸಿಮ್ ಮಾಡಿಸುವುದಾದರೆ ಮಾರನೇ ದಿನ ಏನೂ ಕೆಲಸ ಇಲ್ಲದ ದಿನ ಮಾಡಿಸಿ, ಕೈಯಲ್ಲಿ ನಗದು ಇಟ್ಟುಕೊಳ್ಳಿ.

ಊರಿಂದ ಬಂದ ಮೇಲೆ ಗ್ರಾಹಕರ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ಬರೆಸಿದೆ. ಆ ವಾಯ್ಸ್ ಮೆಸೇಜ್ ಅಳಿಸಿಲ್ಲ, ಚೀಟಿಯ ಫೋಟೋ, ಯುಪಿಐನಲ್ಲಿ ದುಡ್ಡು ಹೋದ ದಾಖಲೆ ಎಲ್ಲ ಒಂದೇ ಕಡೆ ಇಟ್ಟಿದ್ದೇನೆ. ಇದರಲ್ಲಿ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ, 5 ಲಕ್ಷದವರೆಗಿನ ದೂರಿಗೆ ಶುಲ್ಕವೂ ಇಲ್ಲ. ದೂರಿನ ನಂಬರ್ ಅವನಿಗೆ ಕಳಿಸಿದ ದಿನವೇ ಉತ್ತರ ಬಂತು. "ಮೇಡಂ, 31,000 ಮಾಡ್ಕೊಡ್ತೀನಿ, ದೂರು ವಾಪಸ್ ತಗೊಳಿ" ಅಂತ. ನಾನು ಉತ್ತರ ಕೊಟ್ಟಿಲ್ಲ. 36,500 ಕೊಟ್ಟಿದ್ದೇನೆ, 36,500 ವಾಪಸ್ ಬೇಕು.