ಸಣ್ಣ ಹೋಟೆಲು, ಹೋಂಸ್ಟೇಗಳಿಗೆ ‘ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ’ ಪಾಲಿಸಿ: ಕಾಸರಗೋಡಿನಲ್ಲಿ ಎಷ್ಟು ಉಪಯೋಗ, ಎಲ್ಲಿ ಕೊರತೆ

ಕುಂಬಳೆ ಪೇಟೆಯ ಊಟದ ಹೋಟೆಲಿರಲಿ, ಬದಿಯಡ್ಕದ ಲಾಡ್ಜಿರಲಿ, ಬೇಕಲದ ಹತ್ತಿರದ ಹೋಂಸ್ಟೇ ಇರಲಿ, ಒಂದೇ ಜಾಗದಲ್ಲಿರುವ ಆಸ್ತಿಯ ಒಟ್ಟು ಮೌಲ್ಯ 5 ಕೋಟಿ ರೂಪಾಯಿ ಮೀರದಿದ್ದರೆ ವಿಮಾ ಕಂಪನಿಗಳು ಕೊಡುವ ಮೂಲ ಪಾಲಿಸಿ ಇದು. ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ 2021ರ ಏಪ್ರಿಲ್ 1ರಿಂದ ಹಳೆಯ ಬೆಂಕಿ ವಿಮೆಯ ಬದಲು ಇದನ್ನು ಜಾರಿಗೆ ತಂದಿತು. 5 ಕೋಟಿ ಮೀರಿ 50 ಕೋಟಿವರೆಗಿನ ಆಸ್ತಿಗೆ ಇದರ ಅಣ್ಣನಂತಿರುವ ‘ಲಘು ಉದ್ಯಮ ಸುರಕ್ಷಾ’ ಇದೆ. ಷರತ್ತುಗಳ ಮೂಲ ಪಠ್ಯ ಎಲ್ಲ ಕಂಪನಿಗಳಲ್ಲೂ ಒಂದೇ. ಪ್ರೀಮಿಯಂ ಮತ್ತು ಸೇವೆ ಮಾತ್ರ ಬೇರೆ ಬೇರೆ. ಹಾಗಾಗಿ ಯಾವ ಕಂಪನಿ ಎಂಬುದಕ್ಕಿಂತ ಪಾಲಿಸಿಯೊಳಗೆ ಏನಿದೆ, ಏನಿಲ್ಲ ಎಂದು ನೋಡುವುದು ಹೆಚ್ಚು ಮುಖ್ಯ.

ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ಕಟ್ಟಡ ಮತ್ತು ಸಾಮಾನಿನ ಮಟ್ಟಿಗೆ ಇದು ಒಳ್ಳೆಯ ಪಾಲಿಸಿ, ಇಲ್ಲದೆ ಹೋಟೆಲು ನಡೆಸಬಾರದು. ಆದರೆ ಇದನ್ನೊಂದೇ ಕೊಂಡು ಹೋಟೆಲಿಗೆ ವಿಮೆ ಆಯಿತು ಎಂದು ಕುಳಿತರೆ, ಈ ಜಿಲ್ಲೆಯಲ್ಲಿ ಹೋಟೆಲುಗಳನ್ನು ನಿಜವಾಗಿ ಮುಳುಗಿಸಬಲ್ಲ ಮೂರು ಸಂಗತಿಗಳು – ಕಡಲು, ಅಡುಗೆಮನೆಯ ಕರೆಂಟು, ಗಿರಾಕಿಯ ಹೊಟ್ಟೆ – ಹೊರಗೇ ಉಳಿಯುತ್ತವೆ.

ಒಳಗೆ ಏನಿದೆ ಎಂಬುದರಿಂದ ಶುರು ಮಾಡೋಣ. ಬೆಂಕಿ, ಸ್ಫೋಟ, ಸಿಡಿಲು, ಭೂಕಂಪ, ಬಿರುಗಾಳಿ, ನೆರೆ, ಭೂಕುಸಿತ, ಗಲಭೆ, ಮುಷ್ಕರ, ದುರುದ್ದೇಶದ ಹಾನಿ, ನೀರಿನ ಟ್ಯಾಂಕ್ ಒಡೆಯುವುದು ಎಲ್ಲವೂ ಸೇರಿವೆ. ಹರತಾಳದ ದಿನ ಗಾಜು ಪುಡಿಯಾದರೂ ಇದರಲ್ಲಿ ಪರಿಹಾರವಿದೆ. ಇಂಥ ಘಟನೆ ನಡೆದ 7 ದಿನದೊಳಗೆ ಅದರ ಲಾಭ ಪಡೆದು ಯಾರಾದರೂ ಕದ್ದರೆ ಅದೂ ಸೇರುತ್ತದೆ. ಬರೀ ಕನ್ನಗಳವು ಸೇರುವುದಿಲ್ಲ. ಅವಶೇಷ ತೆಗೆಯಲು ಕ್ಲೇಮ್ ಮೊತ್ತದ 2%, ಎಂಜಿನಿಯರ್ ಮತ್ತು ಆರ್ಕಿಟೆಕ್ಟ್ ಶುಲ್ಕಕ್ಕೆ 5% ಪ್ರತ್ಯೇಕವಾಗಿ ಸಿಗುತ್ತದೆ. ವರ್ಷದ ನಡುವೆ ಒಂದು ಕೋಣೆ ಸೇರಿಸಿದರೆ ಆ ಸೇರ್ಪಡೆಗೆ ವಿಮಾ ಮೊತ್ತದ 15%ವರೆಗೆ ರಕ್ಷಣೆ ತಾನಾಗಿ ಹಬ್ಬುತ್ತದೆ.

ಈ ಪಾಲಿಸಿಯ ನಿಜವಾದ ಗುಣ ಇರುವುದು ಕಡಿಮೆ ಮೊತ್ತದ ವಿಮೆಯನ್ನು ಅದು ನೋಡುವ ಬಗೆಯಲ್ಲಿ. ಕಟ್ಟಡದ ನಿಜವಾದ ಮೌಲ್ಯ 80 ಲಕ್ಷ, ನೀವು ವಿಮೆ ಮಾಡಿಸಿದ್ದು 70 ಲಕ್ಷಕ್ಕೆ ಎಂದಿಟ್ಟುಕೊಳ್ಳಿ. ಕೊರತೆ 12.5%. 15%ವರೆಗಿನ ಕೊರತೆಯನ್ನು ಈ ಪಾಲಿಸಿ ಮನ್ನಿಸುವುದರಿಂದ ನಷ್ಟಕ್ಕೆ ಕತ್ತರಿ ಬೀಳುವುದಿಲ್ಲ. ಅದೇ 50 ಲಕ್ಷಕ್ಕೆ ಮಾಡಿಸಿದ್ದರೆ ಕೊರತೆ 37.5%. ಆಗ 8 ಲಕ್ಷದ ನಷ್ಟಕ್ಕೆ 8 ಲಕ್ಷ × 50 ÷ 80, ಅಂದರೆ 5 ಲಕ್ಷವೇ ಕೈಗೆ ಬರುವುದು. ಪಾಲಿಸಿಯ ಕಡ್ಡಾಯ ಕಡಿತ, ಅಂದರೆ ಪ್ರತಿ ಕ್ಲೇಮಿನಲ್ಲಿ ಮಾಲೀಕರೇ ಹೊರಬೇಕಾದ ಪಾಲು, ಅದರಿಂದಲೂ ಹೋಗುತ್ತದೆ.

ನಮ್ಮ ಕಡೆ ಈ ಕತ್ತರಿ ಬೀಳುವುದು ಹೆಚ್ಚಾಗಿ ಬ್ಯಾಂಕ್ ಸಾಲದ ಮೂಲಕ. 30 ಲಕ್ಷ ಸಾಲ ಕೊಟ್ಟ ಬ್ಯಾಂಕು 30 ಲಕ್ಷಕ್ಕೇ ವಿಮೆ ಮಾಡಿಸಿ ಪ್ರೀಮಿಯಂ ಖಾತೆಯಿಂದ ಕಡಿದುಕೊಳ್ಳುತ್ತದೆ. ಮಾಲೀಕರು ಕಟ್ಟಡ ಪೂರ್ತಿ ಸೇರಿದೆ ಎಂದು ತಿಳಿದಿರುತ್ತಾರೆ. ಪಾಲಿಸಿಯ ಶೆಡ್ಯೂಲ್ (ವಿಮಾ ಮೊತ್ತಗಳ ವಿವರಪಟ್ಟಿ) ತರಿಸಿ ಕಟ್ಟಡ, ಪೀಠೋಪಕರಣ, ಯಂತ್ರ, ದಾಸ್ತಾನು ಎಂದು ನಾಲ್ಕು ಸಾಲುಗಳಲ್ಲೂ ಮೊತ್ತ ಬರೆದಿದೆಯೇ ನೋಡಿ. ಕಟ್ಟಡಕ್ಕೆ ಹಾಕಬೇಕಾದ್ದು ಜಾಗದ ಬೆಲೆಯಲ್ಲ, ಹಳೆಯ ಕಟ್ಟಡದ ಮಾರುಕಟ್ಟೆ ಬೆಲೆಯೂ ಅಲ್ಲ. ಇವತ್ತು ಅಷ್ಟೇ ಚದರಡಿ ಹೊಸದಾಗಿ ಕಟ್ಟಲು ತಗಲುವ ಖರ್ಚು. ಕೆಂಪುಕಲ್ಲಿನ ಗೋಡೆ, ಹಂಚಿನ ಮಾಡು, ಹಲಸಿನ ಮರದ ಕಂಬ ಇರುವ ಹಳೆಯ ತರವಾಡು ಮನೆಯನ್ನು ಹೋಂಸ್ಟೇ ಮಾಡಿದವರು ಇದನ್ನು ವಿಶೇಷವಾಗಿ ಗಮನಿಸಬೇಕು. ಆ ಮರಗೆಲಸವನ್ನು ಕಾಂಕ್ರೀಟ್ ಕಟ್ಟಡದ ದರದಲ್ಲಿ ಮತ್ತೆ ಮಾಡಿಸಲು ಆಗುವುದಿಲ್ಲ.

ಇನ್ನು ಕೊರತೆಗಳು. ಮೊದಲನೆಯದು ಕಡಲು ಮತ್ತು ಗುಡ್ಡ. ಭೂಕುಸಿತಕ್ಕೆ ರಕ್ಷಣೆ ಇದೆ ಎಂದು ಪಾಲಿಸಿಯ ಪಟ್ಟಿ ಹೇಳುತ್ತದೆ. ಅದರ ಪಕ್ಕದ ಅಂಕಣದಲ್ಲಿ ಕಡಲ್ಕೊರೆತ, ನದಿ ಕೊರೆತ, ಮಣ್ಣು ತುಂಬಿಸಿ ಎತ್ತರಿಸಿದ ಜಾಗ ಕುಸಿಯುವುದು, ಕಟ್ಟಡ ಕೆಲಸ ಅಥವಾ ನೆಲ ಅಗೆತದಿಂದ ಆಗುವ ಹಾನಿ ಇವುಗಳನ್ನು ಹೊರಗಿಟ್ಟಿದ್ದಾರೆ. ಮಂಜೇಶ್ವರ, ಉಪ್ಪಳ ಕಡೆಯ ಕಡಲ ದಂಡೆಯಲ್ಲಿ ರೆಸಾರ್ಟ್ ಇಟ್ಟವರಿಗೆ ಈ ಒಂದು ಸಾಲು ಇಡೀ ಪಾಲಿಸಿಗಿಂತ ದೊಡ್ಡದು. ಬಿರುಗಾಳಿಯ ದಿನ ನೀರು ನುಗ್ಗಿ ನೆಲ ಅಂತಸ್ತು ಹಾಳಾದರೆ ಅದು ನೆರೆ, ಪರಿಹಾರ ಸಿಗುತ್ತದೆ. ಮಳೆಗಾಲವಿಡೀ ದಂಡೆ ಕೊರೆದು ಅಡಿಪಾಯ ಬಿಟ್ಟುಕೊಂಡರೆ ಅದು ಕೊರೆತ, ಸಿಗುವುದಿಲ್ಲ. ಎರಡೂ ಒಟ್ಟಿಗೆ ಆದಾಗ ನಷ್ಟ ಅಂದಾಜಿಸಲು ಬರುವ ಸರ್ವೇಯರ್ ಯಾವುದನ್ನು ಬರೆಯುತ್ತಾರೆ ಎಂಬುದರ ಮೇಲೆ ಎಲ್ಲ ನಿಂತಿರುತ್ತದೆ. ಆದ್ದರಿಂದ ಮೇ ತಿಂಗಳ ಕೊನೆಗೆ ಕಟ್ಟಡದ ನಾಲ್ಕೂ ಬದಿಯ, ಅಡಿಪಾಯದ, ತಡೆಗೋಡೆಯ ಫೋಟೋಗಳನ್ನು ದಿನಾಂಕ ಸಮೇತ ತೆಗೆದಿಡಿ. ಮಳೆಗೆ ಮುಂಚೆ ಅಡಿಪಾಯ ಗಟ್ಟಿಯಾಗಿತ್ತು ಎಂದು ತೋರಿಸಲು ಬೇರೆ ದಾರಿಯಿಲ್ಲ.

ಹೆದ್ದಾರಿ 66ರ ಅಗಲೀಕರಣಕ್ಕೆ ಗುಡ್ಡ ಕಡಿದ ಕಡೆಗಳಲ್ಲೂ ಇದೇ ತೊಡಕು. 2025ರ ಜುಲೈಯಲ್ಲಿ ಚೆರುವತ್ತೂರಿನ ವೀರಮಲೆ ಗುಡ್ಡ ಜರಿದದ್ದನ್ನು ಎಲ್ಲರೂ ನೋಡಿದ್ದಾರೆ. ಅಂಥ ಕಡಿತದ ಅಂಚಿನಲ್ಲಿ ಹೋಟೆಲು ಇದ್ದರೆ, ಕುಸಿತಕ್ಕೆ ಅಗೆತವೇ ಕಾರಣ ಎಂಬ ನೆಪದಲ್ಲಿ ಕ್ಲೇಮ್ ತಡೆಯಬಹುದು. ಈ ಪ್ರಶ್ನೆಯನ್ನು ಪಾಲಿಸಿ ಕೊಳ್ಳುವ ಮೊದಲೇ ಕಂಪನಿಗೆ ಇಮೇಲ್‌ನಲ್ಲಿ ಕೇಳಿ, ಉತ್ತರವನ್ನು ಬರಹದಲ್ಲೇ ಪಡೆಯಿರಿ. ಏಜೆಂಟರ ಬಾಯಿಮಾತು ಸರ್ವೇಯರ್ ಮುಂದೆ ನಿಲ್ಲುವುದಿಲ್ಲ.

ಎರಡನೆಯದು ಕರೆಂಟು. ಶಾರ್ಟ್ ಸರ್ಕ್ಯೂಟ್‌ನಿಂದ ಬೆಂಕಿ ಹಬ್ಬಿ ಅಡುಗೆಮನೆ ಸುಟ್ಟರೆ ಅಡುಗೆಮನೆಗೆ ಪರಿಹಾರವಿದೆ, ಬೆಂಕಿ ಹುಟ್ಟಿದ ಆ ಫ್ರಿಜ್ಜಿಗೆ ಇಲ್ಲ. ಸಿಡಿಲಿನಿಂದ ವೋಲ್ಟೇಜ್ ಏರಿ ಸುಟ್ಟ ಯಂತ್ರಕ್ಕೂ ಇದೇ ನಿಯಮ. ತುಲಾ ತಿಂಗಳ ಗುಡುಗು ಸಿಡಿಲು ಗೊತ್ತಿರುವ ಈ ಊರಿನವರಿಗೆ ಇದು ಸಣ್ಣ ಮಾತಲ್ಲ. ಇನ್ನೊಂದು, ಕರೆಂಟು ಹೋಗಿ ಫ್ರೀಜರಿನ ಬಂಗುಡೆ, ಅಂಜಲ್, ಕೋಳಿ ಕೊಳೆತರೆ ಈ ಪಾಲಿಸಿ ಒಂದು ರೂಪಾಯಿಯನ್ನೂ ಕೊಡದು. ಅದಕ್ಕೆ ‘ದಾಸ್ತಾನು ಕೆಡುವಿಕೆ’ ವಿಮೆ ಬೇರೆ ಇದೆ, ಅದು ಯಂತ್ರ ಕೆಡುವ ವಿಮೆಯ ಜೊತೆಯಲ್ಲೇ ಸಿಗುವುದು. ದೊಡ್ಡ ಫ್ರೀಜರ್ ಇಲ್ಲದ, ದಿನದ ಮೀನು ದಿನವೇ ತರುವ ಹೋಟೆಲಿಗೆ ಇದು ಬೇಡ. ಆ ಹಣದಲ್ಲಿ ಒಳ್ಳೆಯ ಸರ್ಜ್ ಪ್ರೊಟೆಕ್ಟರ್ ಹಾಕಿಸಿ, ಅರ್ತಿಂಗ್ ಪರೀಕ್ಷೆ ಮಾಡಿಸುವುದೇ ಲೇಸು.

ಗ್ಯಾಸಿನ ಲೆಕ್ಕ ಸರಳ. ಪರವಾನಗಿ ಇಲ್ಲದೆ ಒಂದು ಜಾಗದಲ್ಲಿ ಇಡಬಹುದಾದ ಅಡುಗೆ ಅನಿಲ 100 ಕಿಲೋ. 19 ಕಿಲೋದ ವಾಣಿಜ್ಯ ಸಿಲಿಂಡರ್ ಐದಾದರೆ 95 ಕಿಲೋ, ಆರಾದರೆ 114. ಆರನೆಯದು ಓಣಿಯಲ್ಲಿ ನಿಂತಿದ್ದರೂ ಲೆಕ್ಕಕ್ಕೆ ಸೇರುತ್ತದೆ. ಸ್ಫೋಟವಾದಾಗ ಸರ್ವೇಯರ್ ಮೊದಲು ಕೇಳುವುದೇ ಸಿಲಿಂಡರ್ ಬಿಲ್ಲುಗಳನ್ನು. ಮನೆಬಳಕೆಯ ಕೆಂಪು ಸಿಲಿಂಡರನ್ನು ಹೋಟೆಲಿನಲ್ಲಿ ಇಟ್ಟಿದ್ದರೆ ಅಲ್ಲಿಗೇ ವಾದ ಬಲಹೀನವಾಗುತ್ತದೆ.

ಮೂರನೆಯದು, ಎಲ್ಲಕ್ಕಿಂತ ಭಾರವಾದದ್ದು, ಊಟ. 2022ರ ಮೇ ತಿಂಗಳಲ್ಲಿ ಇದೇ ಜಿಲ್ಲೆಯ ಚೆರುವತ್ತೂರಿನಲ್ಲಿ ಶವರ್ಮ ತಿಂದು ಶಾಲಾ ಬಾಲಕಿಯೊಬ್ಬಳು ತೀರಿಕೊಂಡಳು, ಇನ್ನೂ ಅನೇಕರು ಆಸ್ಪತ್ರೆ ಸೇರಿದರು. ಶಿಗೆಲ್ಲಾ ಬ್ಯಾಕ್ಟೀರಿಯಾ ಪತ್ತೆಯಾಯಿತು. ಇಡೀ ಕೇರಳದ ಆಹಾರ ಸುರಕ್ಷೆಯ ಬಿಗಿ ಅದರ ನಂತರವೇ ಹೆಚ್ಚಿತು. 2023ರ ಆರಂಭದಿಂದ ಹಸಿ ಮೊಟ್ಟೆಯ ಮಯೋನೈಸ್ ನಿಷೇಧ, ನೌಕರರಿಗೆ ಹೆಲ್ತ್ ಕಾರ್ಡ್, ಪಾರ್ಸೆಲ್ ಮೇಲೆ ತಯಾರಿಸಿದ ದಿನಾಂಕ, ಸಮಯ ಮತ್ತು ಎಷ್ಟು ಹೊತ್ತಿನೊಳಗೆ ತಿನ್ನಬೇಕೆಂಬ ಚೀಟಿ ಕಡ್ಡಾಯವಾದವು. ಹೆಲ್ತ್ ಕಾರ್ಡಿಗೆ ದೈಹಿಕ ತಪಾಸಣೆ, ಕಣ್ಣು, ಚರ್ಮರೋಗ, ಗಾಯಗಳ ಪರೀಕ್ಷೆ, ಟೈಫಾಯ್ಡ್ ಲಸಿಕೆ ಬೇಕು. ಒಂದು ವರ್ಷ ಮಾತ್ರ ಊರ್ಜಿತ. ಕೆಲಸದವರು ಆಗಾಗ ಬದಲಾಗುವ ಹೋಟೆಲುಗಳಲ್ಲಿ ಕಾರ್ಡು ಮುಗಿದವರು ಯಾರೆಂದು ಯಾರಿಗೂ ನೆನಪಿರುವುದಿಲ್ಲ. ಗೋಡೆಯ ಮೇಲೆ ಹೆಸರು, ಕಾರ್ಡು ಮುಗಿಯುವ ತಿಂಗಳು ಬರೆದ ಒಂದು ಹಾಳೆ ಅಂಟಿಸಿದರೆ ಸಾಕು.

ಇದಕ್ಕೂ ವಿಮೆಗೂ ಏನು ಸಂಬಂಧ? ಊಟದಿಂದ ಗಿರಾಕಿಗೆ ತೊಂದರೆಯಾಗಿ ಪರಿಹಾರ ಕೇಳಿದರೆ ಸೂಕ್ಷ್ಮ ಉದ್ಯಮ ಪಾಲಿಸಿ ಅದನ್ನು ಮುಟ್ಟುವುದೇ ಇಲ್ಲ. ಅದಕ್ಕೆ ಸಾರ್ವಜನಿಕ ಹೊಣೆ ವಿಮೆ, ಅಂದರೆ ಪಬ್ಲಿಕ್ ಲಯಬಿಲಿಟಿ ಪಾಲಿಸಿ ಬೇಕು. ಅದನ್ನು ಕೊಂಡರೂ ಆಹಾರ-ಪಾನೀಯದ ವಿಸ್ತರಣೆಯನ್ನು ಪ್ರತ್ಯೇಕವಾಗಿ ಕೇಳಿ ಹಾಕಿಸಬೇಕು. ಇಲ್ಲದಿದ್ದರೆ ಜಾರಿ ಬಿದ್ದವರಿಗೆ ರಕ್ಷಣೆ ಇದೆ, ಊಟ ಮಾಡಿದವರಿಗೆ ಇಲ್ಲ. ಈಜುಕೊಳಕ್ಕೂ ಹೀಗೆಯೇ. ಪಾಲಿಸಿಯಲ್ಲಿ ಎರಡು ಮೊತ್ತ ಇರುತ್ತವೆ: ಒಂದು ಘಟನೆಗೆ ಎಷ್ಟು, ಇಡೀ ವರ್ಷಕ್ಕೆ ಎಷ್ಟು. ಘಟನೆಗೆ 10 ಲಕ್ಷ, ವರ್ಷಕ್ಕೆ 40 ಲಕ್ಷ ಎಂದರೆ ಒಂದೇ ಮದುವೆ ಊಟದಲ್ಲಿ ಐವತ್ತು ಮಂದಿಗೆ ಹೊಟ್ಟೆ ಕೆಟ್ಟರೂ ಸಿಗುವುದು 10 ಲಕ್ಷವೇ. ಮದುವೆ, ಪೂಜೆ ಊಟ ಒಪ್ಪಿಕೊಳ್ಳುವವರು ಮೊದಲನೆಯ ಮೊತ್ತವನ್ನೇ ದೊಡ್ಡದಾಗಿಡಬೇಕು. ಒಂದು ಎಚ್ಚರಿಕೆ: ಗೊತ್ತಿದ್ದೂ ಕಾನೂನು ಮುರಿದದ್ದಕ್ಕೆ ಈ ಪಾಲಿಸಿ ಹೊಣೆ ಹೊರುವುದಿಲ್ಲ, ಸರ್ಕಾರ ಹಾಕಿದ ದಂಡವನ್ನಂತೂ ಕಟ್ಟುವುದೇ ಇಲ್ಲ. ಆಹಾರ ಸುರಕ್ಷಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಪರವಾನಗಿ, ಪಂಚಾಯತ್ ಪರವಾನಗಿ, ಹೆಲ್ತ್ ಕಾರ್ಡುಗಳು ಊರ್ಜಿತವಾಗಿ ಇದ್ದರೆ ಮಾತ್ರ ಈ ವಿಮೆಗೆ ಜೀವ. ಪರವಾನಗಿಯ ಖರ್ಚನ್ನೂ ವಿಮೆಯ ಖರ್ಚು ಎಂದೇ ಎಣಿಸಬೇಕು ಎಂದು ನಾವು ಒತ್ತಿ ಹೇಳುವುದು ಇದಕ್ಕೇ.

ಖರ್ಚಿನ ಮಾತಿಗೆ ಬಂದರೆ, ಪ್ರೀಮಿಯಂ ಮೇಲೆ 18% ಜಿಎಸ್‌ಟಿ ಇದೆ. 5% ತೆರಿಗೆ ಹಾಕುವ ರೆಸ್ಟೋರೆಂಟ್‌ಗಳಿಗೆ ಇದು ಹಿಂದಿರುಗುವುದಿಲ್ಲ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗಳಿಗೂ ಇನ್‌ಪುಟ್ ಕ್ರೆಡಿಟ್ (ಖರೀದಿಯಲ್ಲಿ ಕಟ್ಟಿದ ತೆರಿಗೆಯನ್ನು ಕಳೆದುಕೊಳ್ಳುವ ಅವಕಾಶ) ಇಲ್ಲದ 5% ದರ ಬಂದಿರುವುದರಿಂದ ಲಾಡ್ಜುಗಳೂ ಇದೇ ಸಾಲಿಗೆ ಸೇರಿವೆ. 20,000 ಪ್ರೀಮಿಯಂ ಎಂದರೆ ಕೈಯಿಂದ ಹೋಗುವುದು 23,600. ಬಜೆಟ್ ಬರೆಯುವಾಗ ಇದನ್ನೇ ಬರೆಯಿರಿ. ಉಳಿತಾಯಕ್ಕೆ ನಂಬಬಹುದಾದ ದಾರಿಗಳು ಕಡಿಮೆ. ಕನಿಷ್ಠ ಮೂರು ಕಂಪನಿಗಳಿಂದ ಒಂದೇ ಮೊತ್ತಕ್ಕೆ ದರ ತರಿಸಿ. ಸ್ವಂತವಾಗಿ ಹೊರುವ ಕಡಿತವನ್ನು ಸ್ವಲ್ಪ ಏರಿಸಿ. ಬೆಂಕಿ ಆರಿಸುವ ಸಾಧನ, ಅಗ್ನಿಶಾಮಕ ಇಲಾಖೆಯ ನಿರಾಕ್ಷೇಪಣಾ ಪತ್ರ, ಚಿಮಣಿ ನಾಳದ ಜಿಡ್ಡು ತೆಗೆಸಿದ ಬಿಲ್ಲುಗಳನ್ನು ಅರ್ಜಿಯ ಜೊತೆ ಕೊಟ್ಟು ರಿಯಾಯಿತಿ ಕೇಳಿ. ವಿಮಾ ಮೊತ್ತ ಇಳಿಸಿ ಪ್ರೀಮಿಯಂ ಉಳಿಸುವುದು ಮಾತ್ರ ಬೇಡ. ಅದರ ಫಲವನ್ನು ಮೇಲಿನ ಲೆಕ್ಕದಲ್ಲಿ ನೋಡಿದ್ದೀರಿ.

ಹೋಂಸ್ಟೇ ನಡೆಸುವವರಲ್ಲಿ ಹಲವರು ಮನೆಗಳಿಗಾಗಿ ಇರುವ ‘ಭಾರತ್ ಗೃಹ ರಕ್ಷಾ’ವನ್ನೇ ಮುಂದುವರಿಸುತ್ತಾರೆ, ಅದು ಅಗ್ಗ ಎಂದು. ಬಾಡಿಗೆಗೆ ಅತಿಥಿಗಳನ್ನು ಇಡುವುದು ವ್ಯಾಪಾರ. ಅದನ್ನು ತಿಳಿಸದೆ ವಾಸದ ಮನೆ ಎಂದು ಪಾಲಿಸಿ ಪಡೆದರೆ ಕ್ಲೇಮ್ ಬಿದ್ದುಹೋಗುವ ಸಾಧ್ಯತೆ ದೊಡ್ಡದು. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಬೀಗ ಹಾಕುವುದಿದ್ದರೆ ಅದನ್ನೂ ಮೊದಲೇ ಬರಹದಲ್ಲಿ ತಿಳಿಸಿ. ವಲಿಯಪರಂಬದ ಹಿನ್ನೀರಿನ ಹೌಸ್‌ಬೋಟುಗಳಿಗೆ ಈ ಪಾಲಿಸಿ ಅಲ್ಲ, 2021ರ ಒಳನಾಡು ಹಡಗು ಕಾಯ್ದೆಯಡಿ ಬೇರೆ ವಿಮೆಯೇ ಕಡ್ಡಾಯ.

ಕೊನೆಗೆ ಕನ್ನಡದವರಿಗೆ ಮಾತ್ರ ಅನ್ವಯಿಸುವ ಕೆಲವು ಸಂಗತಿಗಳು. ಪ್ರಸ್ತಾವನೆ ಅರ್ಜಿಯನ್ನು ಏಜೆಂಟ್ ಇಂಗ್ಲಿಷಿನಲ್ಲಿ ತುಂಬಿಸಿ ನೀವು ಕನ್ನಡದಲ್ಲಿ ಸಹಿ ಹಾಕುವುದಾದರೆ, ಅರ್ಜಿಯಲ್ಲಿರುವುದನ್ನು ನಿಮಗೆ ತಿಳಿಯುವ ಭಾಷೆಯಲ್ಲಿ ವಿವರಿಸಲಾಗಿದೆ ಎಂಬ ಘೋಷಣೆಯ ಜಾಗ ಅದರಲ್ಲೇ ಇದೆ. ಅದನ್ನು ಖಾಲಿ ಬಿಡಬೇಡಿ, ನಿಜವಾಗಿ ವಿವರಿಸಿದ ಮೇಲೆಯೇ ಸಹಿ ಹಾಕಿ. ತುಂಬಿದ ಅರ್ಜಿಯ ಪ್ರತಿ ಕೇಳಿ ಪಡೆಯಿರಿ. ವಿಳಾಸದಲ್ಲಿ ಪಂಚಾಯತ್, ವಾರ್ಡ್, ಕಟ್ಟಡ ಸಂಖ್ಯೆ ಪರವಾನಗಿಯಲ್ಲಿ ಇದ್ದಂತೆಯೇ ಇರಬೇಕು.

ಕ್ಲೇಮ್ ತಿರಸ್ಕೃತವಾದರೆ ಅಥವಾ ಕಂಪನಿ ಒಂದು ತಿಂಗಳು ಉತ್ತರಿಸದಿದ್ದರೆ ವಿಮಾ ದೂರುಗಳನ್ನು ಕೇಳಿ ತೀರ್ಮಾನಿಸುವ ವಿಮಾ ಓಂಬುಡ್ಸ್‌ಮನ್ ಬಳಿ ಹೋಗಬಹುದು. ಶುಲ್ಕವಿಲ್ಲ, ವಕೀಲರು ಬೇಡ. ಒಬ್ಬರದೇ ಮಾಲಿಕತ್ವದ ಮತ್ತು ಸೂಕ್ಷ್ಮ ಉದ್ಯಮಗಳಿಗೆ ಮಾತ್ರ ಈ ಬಾಗಿಲು ತೆರೆದಿದೆ. ಪಾಲುದಾರಿಕೆಯಲ್ಲಿ ನಡೆಸುವವರು ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿಯಾದ ‘ಉದ್ಯಮ್’ ನೋಂದಣಿಯನ್ನು ಈಗಲೇ ಮಾಡಿಸಿಡಬೇಕು. 2025ರ ಏಪ್ರಿಲ್‌ನಿಂದ ಹೂಡಿಕೆ 2.5 ಕೋಟಿ, ವಹಿವಾಟು 10 ಕೋಟಿ ಮೀರದ ಉದ್ಯಮ ಸೂಕ್ಷ್ಮವೆನಿಸುತ್ತದೆ. ಕೇರಳದ ದೂರುಗಳು ಕೊಚ್ಚಿ ಕಚೇರಿಗೆ ಹೋಗುತ್ತವೆ. ಆದರೆ ದೂರುದಾರರ ವಾಸಸ್ಥಳವಷ್ಟೇ ಅಲ್ಲ, ಪಾಲಿಸಿ ಕೊಟ್ಟ ಶಾಖೆ ಇರುವ ಜಾಗವನ್ನೂ ನಿಯಮ ಒಪ್ಪುತ್ತದೆ. ಹಾಗಾಗಿ ಮಂಗಳೂರು ಶಾಖೆಯಿಂದ ಪಾಲಿಸಿ ಪಡೆದ ಮಂಜೇಶ್ವರ, ಕುಂಬಳೆ, ಬದಿಯಡ್ಕದವರು ಬೆಂಗಳೂರಿನ ಓಂಬುಡ್ಸ್‌ಮನ್ ಕಚೇರಿಗೂ ದೂರು ಕೊಡಬಹುದು. ಎರಡು ಶಾಖೆಗಳ ದರ ಒಂದೇ ಬಂದಾಗ ಮಂಗಳೂರನ್ನು ಆರಿಸಲು ಇದೊಂದು ಗಟ್ಟಿ ಕಾರಣ.