ನಾರ್ತ್ ಯಾರ್ಕ್ ಮೂರ್ಸ್: ಸ್ಟೀಮ್ ರೈಲೋ, ಡಬಲ್ ಡೆಕರ್ ಬಸ್ಸೋ, ಹಳೇ ಮನೆಗಳೋ?

ಇಂಗ್ಲೆಂಡಿನ ಉತ್ತರದ ನಾರ್ತ್ ಯಾರ್ಕ್ ಮೂರ್ಸ್‌ಗೆ ಹೋಗ್ತೀವಿ ಅಂದವರಿಗೆಲ್ಲ ಸಿಗುವ ಮೊದಲ ಸಲಹೆ ಒಂದೇ: ಸ್ಟೀಮ್ ರೈಲು ಹತ್ತಿ. ನಾವೂ ಹತ್ತಿದ್ದೇವೆ, ಇನ್ನೂ ಹತ್ತುತ್ತೇವೆ. ಆದರೆ ಮೂರ್ ಅನ್ನುವ ಬೋಳು ಬಯಲು ನೋಡಬೇಕು ಅಂತ ಆ ರೈಲು ಹತ್ತಿದರೆ ಅರ್ಧ ದಾರಿ ಕಾಣುವುದು ಬರೀ ಮರ. ಲೀಡ್ಸ್‌ನಲ್ಲಿ ಮನೆ ಮಾಡಿದ ಮೇಲೆ ಈ ರಾಷ್ಟ್ರೀಯ ಉದ್ಯಾನಕ್ಕೆ ಬೇರೆ ಬೇರೆ ರೀತಿಯಲ್ಲಿ ಹೋಗಿ ಬಂದಿದ್ದೇವೆ. ಜೊತೆಗೆ ಐದು ವರ್ಷದ ಮಗ, ಹನ್ನೊಂದು ವರ್ಷದ ಮಗಳು, ಬೇಸಿಗೆಗೆ ತೀರ್ಥಹಳ್ಳಿಯಿಂದ ಬರುವ ನಮ್ಮತ್ತೆ. ಅತ್ತೆಗೆ ಮಂಡಿನೋವು. ಮಗನಿಗೆ ಕಾರು ಹತ್ತಿದ ಕೂಡಲೇ ಹಸಿವು. ಹಾಗಾಗಿ ಇದು ಬ್ಯಾಗ್ ಏರಿಸಿಕೊಂಡು ಗುಡ್ಡ ಹತ್ತುವವರಿಗಲ್ಲ, ಇಂಥ ಸಂಸಾರ ಕಟ್ಟಿಕೊಂಡು ಹೊರಡುವವರಿಗೆ.

ಮೊದಲು ಜಾಗದ ಬಗ್ಗೆ ಎರಡು ಮಾತು. 1952ರಲ್ಲಿ ರಾಷ್ಟ್ರೀಯ ಉದ್ಯಾನವಾದ ಪ್ರದೇಶ ಇದು, 1,436 ಚದರ ಕಿಲೋಮೀಟರ್. ನಮ್ಮಲ್ಲಿಯ ಹಾಗೆ ಗೇಟು, ಅರಣ್ಯ ಇಲಾಖೆ ಜೀಪು ಏನೂ ಇಲ್ಲ. ಒಳಗೆ ಊರು, ಹೊಲ, ಪಬ್ಬು, ಕುರಿ ಎಲ್ಲ ಇವೆ. ಒಳಗೆ ಬರುವುದಕ್ಕೆ ದುಡ್ಡು ಕೊಡಬೇಕಿಲ್ಲ, ಕಾರು ನಿಲ್ಲಿಸುವುದಕ್ಕೆ ಕೊಡಬೇಕು. ಮಧ್ಯದ ಎತ್ತರದ ಬೋಳು ಬಯಲೇ ಮೂರ್. ಕುದುರೆಮುಖದ ಬೆಟ್ಟಗಳ ಮೇಲೆ ಹುಲ್ಲಿನ ಬದಲು ಮೊಣಕಾಲೆತ್ತರದ ಹೆದರ್ ಪೊದೆ ಹಬ್ಬಿದ್ದರೆ ಹೇಗಿರುತ್ತೋ ಹಾಗೆ. ಅಲ್ಲಲ್ಲಿ ಕಪ್ಪು, ಕಂದು, ಹಸಿರು ತೇಪೆ ಕಂಡರೆ ಅದು ಕಾಡ್ಗಿಚ್ಚಲ್ಲ. ಜನ ಬೇಟೆಯಾಡುವ ಗ್ರೌಸ್ ಅನ್ನುವ ಹಕ್ಕಿಗೆ ಎಳೆ ಚಿಗುರು ಸಿಗಲಿ ಅಂತ ಹೆದರನ್ನು ತುಂಡು ತುಂಡಾಗಿ ಸುಡುತ್ತಾರೆ. ಸುಡುವುದು ಸರಿಯೇ ಅಂತ ಇಲ್ಲಿನವರಲ್ಲೇ ಜಗಳ ಇದೆ.

ಈಗ ರೈಲು. ಪಿಕರಿಂಗ್‌ನಿಂದ ಗ್ರೋಮಾಂಟ್‌ವರೆಗೆ 18 ಮೈಲಿ, ಒಂದು ಗಂಟೆಗೆ ಸ್ವಲ್ಪ ಜಾಸ್ತಿ ಹಿಡಿಯುತ್ತದೆ. ಕೆಲವು ಗಾಡಿಗಳು ಮುಂದೆ ಸಮುದ್ರದ ದಡದ ವಿಟ್ಬಿಗೂ ಹೋಗುತ್ತವೆ. 1836ರಲ್ಲಿ ಜಾರ್ಜ್ ಸ್ಟೀಫನ್‌ಸನ್ ಈ ಹಳಿ ಹಾಕಿಸಿದಾಗ ಎಳೆಯುತ್ತಿದ್ದದ್ದು ಕುದುರೆ. 1965ರಲ್ಲಿ ಮುಚ್ಚಿದರು. ರೈಲಿನ ಹುಚ್ಚಿರುವವರು ಸೇರಿ 1973ರಲ್ಲಿ ಮತ್ತೆ ಓಡಿಸಿದರು. ಇವತ್ತಿಗೂ ಅಲ್ಲಿ ಕೆಲಸ ಮಾಡುವವರಲ್ಲಿ ಸಂಬಳವಿಲ್ಲದ ಸ್ವಯಂಸೇವಕರೇ ಜಾಸ್ತಿ. ಟಿಕೆಟ್ ನೋಡುವ ಅಜ್ಜನ ಕೋಟಿನ ಗುಂಡಿ ಕನ್ನಡಿ ತರಹ ಹೊಳೆಯುತ್ತಿರುತ್ತದೆ. ನಮ್ಮ ಮಗನಿಗೆ ಡಬ್ಬಿಯಲ್ಲಿ ಕೂರುವುದಕ್ಕಿಂತ ಪ್ಲಾಟ್‌ಫಾರ್ಮಿನಲ್ಲಿ ಇಂಜಿನ್ ಪಕ್ಕ ನಿಂತು ಕಲ್ಲಿದ್ದಲು ಹಾಕುವುದನ್ನು ನೋಡುವುದೇ ಖುಷಿ. ಕಿಟಕಿಗೆ ತಲೆ ಹಾಕಿದರೆ ಕಣ್ಣಿಗೆ ಮಸಿ ಕಣ ಬೀಳೋದು ಗ್ಯಾರಂಟಿ. ಬಿಳಿ ಬಟ್ಟೆ ಹಾಕಿಸಬೇಡಿ.

ಕೊರತೆ ಏನಂದರೆ, ಹಳಿ ಓಡುವುದು ನ್ಯೂಟನ್‌ಡೇಲ್ ಎನ್ನುವ ಆಳವಾದ ಕಣಿವೆಯ ತಳದಲ್ಲಿ. ಹಿಮಯುಗದ ಕೊನೆಗೆ ಕರಗಿದ ನೀರು ಕೊರೆದ ಕಣಿವೆ ಅದು. ಎರಡೂ ಕಡೆ ಕಾಡು. ಚೆನ್ನಾಗಿದೆ, ಆದರೆ ಮಲೆನಾಡಿಂದ ಬಂದ ಅತ್ತೆಗೆ ಮರ ತೋರಿಸಿ ಏನು ಪ್ರಯೋಜನ? ಗೋತ್‌ಲ್ಯಾಂಡ್ ಹತ್ತಿರ ಬಂದಾಗ ಮಾತ್ರ ಬಯಲು ತೆರೆದುಕೊಳ್ಳುತ್ತದೆ. ಆಮೇಲೆ ಟಿಕೆಟ್. ನಾಲ್ಕೈದು ಜನರ ಸಂಸಾರಕ್ಕೆ ಅದು ದಿನದ ದೊಡ್ಡ ಖರ್ಚು. ಇನ್ನೊಂದು ವಿಷಯ ಮೊದಲೇ ತಿಳಿದಿರಲಿ: ಎಲ್ಲ ಗಾಡಿಗೂ ಸ್ಟೀಮ್ ಇಂಜಿನ್ ಇರುವುದಿಲ್ಲ. ಬೇಸಿಗೆ ತೀರಾ ಒಣಗಿದರೆ ಕಿಡಿ ಹಾರಿ ಹೆದರ್‌ಗೆ ಬೆಂಕಿ ಬಿದ್ದೀತು ಅಂತ ಡೀಸೆಲ್ ಇಂಜಿನ್ ಕಟ್ಟುತ್ತಾರೆ. ಹೊಗೆಯಿಲ್ಲದ ಇಂಜಿನ್ ನೋಡಿ ಮಗು ಮುಖ ಊದಿಸಿಕೊಳ್ಳಬಾರದು ಅಂದರೆ ಹೊರಡುವ ದಿನ ಬೆಳಿಗ್ಗೆ ವೇಳಾಪಟ್ಟಿ ನೋಡಿ.

ನನ್ನ ಆಯ್ಕೆ ಗೋತ್‌ಲ್ಯಾಂಡ್ ಮತ್ತು ಗ್ರೋಮಾಂಟ್ ನಡುವಿನ ತುಂಡು. ಏರು ಜೋರಾಗಿರುವುದು ಅಲ್ಲೇ, 49 ಅಡಿ ಮುಂದೆ ಹೋದರೆ ಒಂದಡಿ ಮೇಲೆ. ಹತ್ತುವಾಗ ಇಂಜಿನ್ನಿನ ಉಬ್ಬಸ ಡಬ್ಬಿಯೊಳಗೆ ಕೇಳಿಸುತ್ತದೆ. ನಡೆಯುವ ಮಕ್ಕಳಿದ್ದರೆ ಗೋತ್‌ಲ್ಯಾಂಡಿನಿಂದ ಗ್ರೋಮಾಂಟ್‌ಗೆ ಹಳೇ ಕುದುರೆ ಹಳಿಯ ಜಾಡಿನಲ್ಲಿ ಮೂರೂವರೆ ಮೈಲಿ ಇಳಿದು, ವಾಪಸ್ ರೈಲಿನಲ್ಲಿ ಹತ್ತಿ ಬರಬಹುದು. ಮಗಳು ಮತ್ತು ನಾನು ಹಾಗೆ ಮಾಡಿದೆವು. ಗ್ರೋಮಾಂಟಿನಲ್ಲಿ ಕುದುರೆಗೆಂದು ಕೊರೆದ ಪುಟ್ಟ ಸುರಂಗ ದಾಟಿದರೆ ಇಂಜಿನ್ ರಿಪೇರಿ ಮಾಡುವ ಶೆಡ್ಡು ಸಿಗುತ್ತದೆ. ಹ್ಯಾರಿ ಪಾಟರ್ ಹುಚ್ಚಿನ ಮಕ್ಕಳಿಗೆ ಗೋತ್‌ಲ್ಯಾಂಡ್ ಸ್ಟೇಷನ್ ಸಾಕು. ಮೊದಲ ಸಿನಿಮಾದ ಹಾಗ್ಸ್‌ಮೀಡ್ ಸ್ಟೇಷನ್ ಅದೇ. ಊರಲ್ಲಿ ಕುರಿಗಳು ಬೀದಿ ತುಂಬಾ ಓಡಾಡಿಕೊಂಡಿರುತ್ತವೆ, ಕೈಯಲ್ಲಿ ಬಿಸ್ಕತ್ತು ಹಿಡಿದ ಮಗುವನ್ನು ಹುಷಾರಾಗಿ ನೋಡಿಕೊಳ್ಳಿ. ಮ್ಯಾಲ್ಯನ್ ಸ್ಪೌಟ್ ಜಲಪಾತಕ್ಕೆ ಮಾತ್ರ ಮಂಡಿನೋವಿನವರು ಇಳಿಯಬೇಡಿ. ದಾರಿ ಕಡಿದು, ಕೊನೆಗೆ ಜಾರುವ ಬಂಡೆ. ಜೋಗ ನೋಡಿದವರಿಗೆ ಅಲ್ಲಿ ಸಿಗುವುದೂ ಅಷ್ಟಕ್ಕಷ್ಟೇ.

ಹಾಗಾದರೆ ಮೂರ್ ಎಲ್ಲಿಂದ ಕಾಣುತ್ತದೆ? ಬಸ್ಸಿನಿಂದ. ಲೀಡ್ಸ್‌ನಿಂದ ಯಾರ್ಕ್, ಮಾಲ್ಟನ್, ಪಿಕರಿಂಗ್ ಮೂಲಕ ವಿಟ್ಬಿಗೆ ಹೋಗುವ ಕೋಸ್ಟ್‌ಲೈನರ್ 840 ಸಾಮಾನ್ಯ ರೂಟ್ ಬಸ್ಸು. 2018ರಲ್ಲಿ ಬ್ರಿಟನ್ನಿನ ಅತ್ಯಂತ ಸುಂದರ ಬಸ್ ಮಾರ್ಗ ಅಂತ ಜನ ಓಟು ಹಾಕಿ ಆರಿಸಿದ್ದು ಇದನ್ನೇ. ಮಹಡಿ ಮೇಲೆ ಮುಂದಿನ ಸೀಟು ಹಿಡಿಯಬೇಕು. ಪಿಕರಿಂಗ್ ಬಿಟ್ಟ ಮೇಲೆ ರಸ್ತೆ ಏರುತ್ತಾ ಏರುತ್ತಾ ಹೊಲ, ಮರ ಎಲ್ಲ ಹಿಂದೆ ಬೀಳುತ್ತವೆ. ಎಡಕ್ಕೆ ಹೋಲ್ ಆಫ್ ಹೋರ್ಕಮ್, 120 ಮೀಟರ್ ಆಳದ ದೊಡ್ಡ ಬಟ್ಟಲು. ವೇಡ್ ಎಂಬ ರಾಕ್ಷಸ ಹೆಂಡತಿ ಮೇಲೆ ಸಿಟ್ಟಾಗಿ ಎಸೆಯಲು ಒಂದು ಹಿಡಿ ಮಣ್ಣು ಬಾಚಿದ, ಆದದ್ದು ಈ ಗುಂಡಿ ಅಂತ ಕಥೆ. ನಿಜದಲ್ಲಿ ಬುಡದ ಒರತೆಗಳು ಸಾವಿರಾರು ವರ್ಷ ಮಣ್ಣು ಕೊಚ್ಚಿ ಕೊಚ್ಚಿ ಆದದ್ದು. ಮಗನಿಗೆ ರಾಕ್ಷಸನೇ ಬೇಕು, ಬಿಡಿ. ಆಮೇಲೆ ಕಡಿದಾದ ತಿರುವಿನಲ್ಲಿ ಬಸ್ಸು ಇಳಿಯುವಾಗ ಅತ್ತೆ ಮುಂದಿನ ಕಂಬಿ ಗಟ್ಟಿ ಹಿಡಿದು, “ನಮ್ಮ ಆಗುಂಬೆ ಡ್ರೈವರೇ ಇಲ್ಲಿ ಬಂದ್ರಾ?” ಅಂದರು.

ಕಾರಿಲ್ಲದ ವಿದ್ಯಾರ್ಥಿಗಳಿಗೆ ಇದನ್ನು ಬಿಟ್ಟರೆ ಬೇರೆ ಒಳ್ಳೆ ದಾರಿಯಿಲ್ಲ. ಇಂಗ್ಲೆಂಡಿನ ಬಸ್ಸುಗಳಿಗೆ 2025ರಿಂದ ಒಂದು ಕಡೆಗೆ 3 ಪೌಂಡ್ ಅಂತ ಮಿತಿ ಬಂತು. ರೈಲಿನ ದರಕ್ಕೆ ಹೋಲಿಸಿದರೆ ಪುಕ್ಕಟೆ ಅನ್ನಬಹುದು. ಲೀಡ್ಸ್‌ನಿಂದ ಪೂರ್ತಿ ಕೂತರೆ ಮೂರು ಗಂಟೆ ಮೀರುತ್ತದೆ, ಚಿಕ್ಕ ಮಕ್ಕಳಿಗೆ ಕಷ್ಟ. ನಾವು ಪಿಕರಿಂಗ್‌ವರೆಗೆ ಕಾರು, ಅಲ್ಲಿಂದ ಬಸ್ಸು ಅಂತ ಮಾಡುತ್ತೇವೆ. ಮೂರ್ ದಾಟುವ ಬಸ್ಸು ದಿನಕ್ಕೆ ಕೆಲವೇ ಇರುವುದರಿಂದ ವಾಪಸ್ ಬಸ್ಸಿನ ಹೊತ್ತು ಮೊದಲೇ ಬರೆದಿಟ್ಟುಕೊಳ್ಳಿ. ಒಂದು ತಪ್ಪಿದರೆ ಗಾಳಿಯಲ್ಲಿ ನಿಲ್ಲಬೇಕು, ಆ ಗಾಳಿ ಜುಲೈಯಲ್ಲೂ ಸ್ವೆಟರ್ ಕೇಳುತ್ತದೆ.

ಹಿರಿಯರು, ಚಿಕ್ಕವರು ಇಬ್ಬರೂ ಇದ್ದರೆ ನನ್ನ ಮೊದಲ ಓಟು ಹಟನ್-ಲೆ-ಹೋಲ್ ಊರಿನ ರೈಡೇಲ್ ಫೋಕ್ ಮ್ಯೂಸಿಯಂಗೆ. ಮ್ಯೂಸಿಯಂ ಅಂದ ಕೂಡಲೇ ಗಾಜಿನ ಪೆಟ್ಟಿಗೆ ಅಂದುಕೊಳ್ಳಬೇಡಿ. ಸುತ್ತಲಿನ ಊರುಗಳಲ್ಲಿ ಬಿದ್ದು ಹೋಗಲಿದ್ದ ಮನೆಗಳನ್ನು ಬಿಚ್ಚಿ ತಂದು ಆರು ಎಕರೆಯಲ್ಲಿ ಮತ್ತೆ ಕಟ್ಟಿದ್ದಾರೆ. ಹುಲ್ಲು ಹೊದಿಸಿದ ಮನೆ, ಕಮ್ಮಾರನ ಕುಲುಮೆ, ಹಳೇ ಕಿರಾಣಿ ಅಂಗಡಿ, ಬಿಸಿಲಿನ ಬೆಳಕಲ್ಲೇ ಫೋಟೋ ತೆಗೆಯುತ್ತಿದ್ದ ಗಾಜಿನ ಮಾಡಿನ ಸ್ಟುಡಿಯೋ. ಸ್ಟ್ಯಾಂಗ್ ಎಂಡ್ ಅನ್ನುವ ಹಳೇ ಮನೆಯಲ್ಲಿ ಒಲೆಯ ಪಕ್ಕ ಮರದ ಕಂಬ, ಅದರ ಮೇಲೆ ಕೆತ್ತಿದ ಇಂಟು ಗುರುತು. ಮಾಟಗಾತಿ ಒಲೆ ದಾಟಿ ಒಳಗೆ ಬರದಿರಲಿ ಅಂತ. ಇಂಥ ಕಂಬಗಳು ಜಾಸ್ತಿ ಸಿಗುವುದು ಈ ಮೂರ್ ಸೀಮೆಯಲ್ಲೇ. ಅತ್ತೆಗೆ ಅದನ್ನು ವಿವರಿಸಬೇಕಾಗಲಿಲ್ಲ.

ಅವರು ಕೂತೇ ಬಿಟ್ಟದ್ದು ಇನ್ನೊಂದು ಕಡೆ. ಮರದ ಹಲಗೆ ಮೇಲೆ ಒಂದರೊಳಗೊಂದು ಮೂರು ಚೌಕ, ನಡುವೆ ಗೆರೆ. ಇಲ್ಲಿ ಮೆರಿಲ್ಸ್ ಅನ್ನುತ್ತಾರೆ, ಅದರ ಪಂದ್ಯಗಳೂ ಈ ಮ್ಯೂಸಿಯಂನಲ್ಲಿ ನಡೆದಿವೆ. “ಇದು ನಮ್ಮ ಸಾಲುಮನೆ ಕಣೇ, ಕೂರು” ಅಂತ ಮೊಮ್ಮಗಳನ್ನು ಎದುರಿಗೆ ಕೂರಿಸಿಕೊಂಡರು. ಇಬ್ಬರಿಗೂ ಒಂಬತ್ತೊಂಬತ್ತು ಕಾಯಿ. ಮೂರು ಸಾಲಾದರೆ ಎದುರಾಳಿಯ ಒಂದು ಕಾಯಿ ಎತ್ತಬೇಕು. ಆಟ ತದ್ರೂಪ ಅದೇ. ನಮ್ಮ ಎಷ್ಟೋ ದೇವಸ್ಥಾನದ ಜಗಲಿ ಕಲ್ಲಿನ ಮೇಲೆ ಕೆತ್ತಿರುವ ಮನೆಗಳೂ ಇವೇ. ಊರಲ್ಲಿ ಮಳೆಗಾಲ ಪೂರ್ತಿ ಹುಣಸೆಬೀಜ ಇಟ್ಟು ಆಡಿದ ಕೈ ಅದು, ಮೂರು ಕಾಯಿ ಉಳಿಯುವವರೆಗೂ ಮಗಳನ್ನು ಬಿಡಲಿಲ್ಲ. ಪಕ್ಕದಲ್ಲಿ ನಿಂತಿದ್ದ ಇಂಗ್ಲಿಷ್ ಅಜ್ಜಿಯೊಬ್ಬರು ನಂತರದ ಆಟಕ್ಕೆ ಕೂತರು. ಭಾಷೆ ಬೇಕಾಗಲಿಲ್ಲ, ಬೈಗುಳ ಮಾತ್ರ ಕನ್ನಡದಲ್ಲಿತ್ತು.

ಊರ ಮಧ್ಯೆ ಹಳ್ಳ, ದಂಡೆ ಹುಲ್ಲಿನ ಮೇಲೆ ಕುರಿ. ಅಲ್ಲೇ ಚಿತ್ರಾನ್ನದ ಡಬ್ಬಿ ಬಿಚ್ಚಬಹುದು. ಊಟ ಆದ ಮೇಲೆ ಕಾರಲ್ಲಿ ಬ್ಲೇಕಿ ಅನ್ನುವ ದಿಣ್ಣೆ ಕಡೆ ಏರಿದರೆ ಸ್ವಲ್ಪ ಹೊತ್ತಿಗೇ ಎರಡೂ ಬದಿ ಮೂರ್. ಕಾರಿನಿಂದ ಇಳಿಯದೆಯೇ ನೋಡಬಹುದು. ಮ್ಯೂಸಿಯಂ ಚಳಿಗಾಲದಲ್ಲಿ ಮುಚ್ಚಿರುತ್ತದೆ. ಬಾಗಿಲು ತಗ್ಗು, ತಲೆ ಜೋಪಾನ.

ಡಾಲ್ಬಿ ಫಾರೆಸ್ಟ್ ಬಗ್ಗೆ ಬಹಳ ಹೇಳುವುದಿಲ್ಲ. ಸೈಕಲ್, ಆಟದ ಜಾಗ, ಮಕ್ಕಳ ಕಥೆಯ ಗ್ರಫಲೋ ಅನ್ನುವ ದೈತ್ಯನ ಗೊಂಬೆ ಇವೆಯಾದ್ದರಿಂದ ಚಿಕ್ಕ ಮಕ್ಕಳು ವಾಪಸ್ ಬರಲು ಒಪ್ಪುವುದಿಲ್ಲ. ಆದರೆ ಅದು ನೆಟ್ಟು ಬೆಳೆಸಿದ ಕಾಡು, ಕಾರಿಗೆ ಶುಲ್ಕ ಬೇರೆ. ಹೋದರೆ ಬ್ರೈಡ್‌ಸ್ಟೋನ್ಸ್ ಬಂಡೆಗಳವರೆಗೆ ನಡೆದು ಬನ್ನಿ, ಅಲ್ಲಿ ಹೆದರ್ ಸಿಗುತ್ತದೆ. ರಾಬಿನ್ ಹುಡ್ಸ್ ಬೇ ಚೆಂದದ ಊರು, ಆದರೆ ಕಾರು ಮೇಲೆಯೇ ಬಿಟ್ಟು ಇಳಿದದ್ದನ್ನೆಲ್ಲ ಮತ್ತೆ ಹತ್ತಬೇಕು. ಅತ್ತೆಯನ್ನು ಕರೆದೊಯ್ಯಲಿಲ್ಲ.

ಹೆದರ್ ನೇರಳೆ ಆಗುವುದು ಆಗಸ್ಟ್ ಮಧ್ಯದಿಂದ ಸೆಪ್ಟೆಂಬರ್ ಮೊದಲವರೆಗೆ. ಜೇನು ಸಾಕುವವರು ಪೆಟ್ಟಿಗೆಗಳನ್ನು ಮೂರ್ ಮೇಲೆ ತಂದಿಡುವುದೂ ಆಗಲೇ. ಬ್ಯಾಂಕ್ ಹಾಲಿಡೇ (ಇಲ್ಲಿನ ಸಾರ್ವತ್ರಿಕ ರಜೆ) ವಾರಾಂತ್ಯವೂ ಅದೇ ಸಮಯಕ್ಕೆ ಬರುವುದರಿಂದ ವಾರದ ನಡುವೆ ಒಂದು ದಿನ ರಜೆ ಹಾಕಿ ಹೋಗುವುದು ವಾಸಿ. ಆಗ ಹಟನ್-ಲೆ-ಹೋಲ್‌ನಲ್ಲಿ ಹನ್ನೊಂದು ಗಂಟೆಗೂ ಕಾರು ನಿಲ್ಲಿಸಲು ಜಾಗ ಸಿಗುತ್ತದೆ.